ಕಡಲು ಉಕ್ಕುವ ಮುನ್ನ

'ಗಾಳಿ ಬಂದಾಗ ತೂರಿಕೊ' ಎಂಬುದು ನಮ್ಮ ರೈತರ ಮಾತು. ಕಣದಲ್ಲಿ ರಾಶಿ ಮಾಡುವವನಿಗೆ ಗಾಳಿ ನೆಂಟನಿದ್ದಂತೆ. ಅದು ಬೀಸುವವರೆಗೆ ಕಾದಿದ್ದು, ಬೀಸಿದೊಡನೆ ಮೊರವೆತ್ತಿದರೆ ಅವನ ಕೆಲಸ ಸಾಗುತ್ತದೆ. ಆದರೆ ಕಡಲಿನ ಮೇಲೆ ಹುಟ್ಟಿ, ಊರುಗಳನ್ನು ಕೆಡವುತ್ತ ಬರುವ ಇನ್ನೊಂದು ಗಾಳಿಯಿದೆ. ಅದು ಬೀಸತೊಡಗಿದ ಮೇಲೆ ಮನುಷ್ಯನು ಮಾಡಬಹುದಾದುದು ಬಹಳ ಕಡಮೆ. ಅದಕ್ಕೆ ಬೇಕಾದ ಸಿದ್ಧತೆಯೆಲ್ಲವೂ ಆಕಾಶ ತಿಳಿಯಾಗಿರುವಾಗಲೇ ನಡೆಯಬೇಕು. ಈ ಸತ್ಯವನ್ನು ಬಹು ದೊಡ್ಡ ಬೆಲೆ ತೆತ್ತು ಕಲಿತ ಒಂದು ಊರಿನ ಕಥೆ ಇಲ್ಲಿದೆ.

ಬಂಗಾಳ ಕೊಲ್ಲಿಯಲ್ಲಿಯೂ ಅರಬ್ಬೀ ಸಮುದ್ರದಲ್ಲಿಯೂ ಏಳುವ ಇಂಥ ಗಾಳಿಯನ್ನು ನಾವು ಚಂಡಮಾರುತ ಎನ್ನುತ್ತೇವೆ. ಪಶ್ಚಿಮ ಪೆಸಿಫಿಕ್ ಸಾಗರದ ಜನರು ಅದನ್ನೇ ಟೈಫೂನ್ ಎನ್ನುತ್ತಾರೆ. ಅಟ್ಲಾಂಟಿಕ್ ಸಾಗರದ ತೀರದಲ್ಲಿ ಅದರ ಹೆಸರು ಹರಿಕೇನ್. ನಮ್ಮ ಹಿರಿಯರು ಬಳಸುತ್ತಿದ್ದ, ಗಾಳಿಗೆ ಸುಲಭವಾಗಿ ಆರದ ಲಾಟೀನಿಗೆ ಹರಿಕೇನ್ ಲ್ಯಾಂಪ್ ಎಂಬ ಹೆಸರು ಬಂದುದು ಈ ಗಾಳಿಯಿಂದಲೇ. ಹೆಸರು ಮೂರಾದರೂ ಹುಟ್ಟುವ ಬಗೆ ಒಂದೇ. ಕಡಲಿನ ನೀರು ಸುಮಾರು 27 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಾದಾಗ ಅದರ ಮೇಲಿನ ತೇವ ತುಂಬಿದ ಗಾಳಿ ಮೇಲೇರುತ್ತದೆ. ಅಲ್ಲಿ ತಣಿದು ಮೋಡವಾಗುವಾಗ ತನ್ನ ಶಾಖವನ್ನು ಬಿಟ್ಟುಕೊಡುತ್ತದೆ. ಕೆಳಗೆ ವಾಯುಭಾರ ಕುಸಿಯುತ್ತದೆ. ಸುತ್ತಣ ಗಾಳಿ ಅತ್ತ ನುಗ್ಗುತ್ತದೆ. ಭೂಮಿಯು ತಿರುಗುತ್ತಿರುವುದರಿಂದ ಆ ಗಾಳಿ ನೇರವಾಗಿ ಸಾಗದೆ ಸುಳಿಯಾಗಿ ಸುತ್ತತೊಡಗುತ್ತದೆ. ಅದರ ವೇಗ ಗಂಟೆಗೆ 119 ಕಿಲೋಮೀಟರ್ ಮುಟ್ಟಿದರೆ ಹರಿಕೇನ್ ಎಂದೂ, 178 ಕಿಲೋಮೀಟರ್ ಮುಟ್ಟಿದರೆ ಭಾರಿ ಹರಿಕೇನ್ ಎಂದೂ ಕರೆಯುತ್ತಾರೆ. ಆದರೆ ಗಾಳಿಗಿಂತಲೂ ಘೋರವಾದುದು ಅದು ತನ್ನ ಮುಂದೆ ತಳ್ಳಿಕೊಂಡು ಬರುವ ಕಡಲ ನೀರು. ಹರಿಕೇನ್‌ಗಳಲ್ಲಿ ಹೆಚ್ಚು ಜನ ಸಾಯುವುದು ನೀರಿನಿಂದಲೇ ಹೊರತು ಗಾಳಿಯಿಂದಲ್ಲ.

ಅಮೆರಿಕದ ಟೆಕ್ಸಾಸ್ ರಾಜ್ಯದ ತೀರದಲ್ಲಿ, ಮೆಕ್ಸಿಕೋ ಕೊಲ್ಲಿಯ ಅಂಚಿಗೆ, ಗ್ಯಾಲ್ವೆಸ್ಟನ್ ಎಂಬ ನೀಳವಾದ ಮರಳಿನ ದ್ವೀಪವಿದೆ. 1900ರಲ್ಲಿ ಅದರ ಮೇಲಿದ್ದ ನಗರದಲ್ಲಿ ಸುಮಾರು 38,000 ಜನ ವಾಸವಾಗಿದ್ದರು. ಹತ್ತಿಯ ವ್ಯಾಪಾರದಿಂದ ಅದು ಸಿರಿವಂತ ಬಂದರಾಗಿ ಬೆಳೆದಿತ್ತು. ಅಗಲವಾದ ಬೀದಿಗಳು, ಟ್ರಾಮ್ ಗಾಡಿಗಳು, ವಿದ್ಯುದ್ದೀಪಗಳು, ಚೆಲುವಾದ ಮನೆಗಳು, ಎಲ್ಲವೂ ಅಲ್ಲಿದ್ದವು. ಇಲ್ಲದಿದ್ದುದು ಒಂದೇ: ಎತ್ತರ. ನಗರದ ಅತ್ಯಂತ ಎತ್ತರದ ಜಾಗವೂ ಸಮುದ್ರಮಟ್ಟದಿಂದ 9 ಅಡಿಗಿಂತ ಕೆಳಗಿತ್ತು.

ಅಪಾಯದ ಸೂಚನೆ ಆ ಜನರಿಗೆ ಮೊದಲೇ ಸಿಕ್ಕಿರಲಿಲ್ಲವೆಂದಲ್ಲ. ಅದೇ ತೀರದಲ್ಲಿ ಇಂಡಿಯನೋಲ ಎಂಬ ಬಂದರು ಪಟ್ಟಣವಿತ್ತು. 1875ರ ಹರಿಕೇನ್ ಅದನ್ನು ಬಹುಮಟ್ಟಿಗೆ ನಾಶಮಾಡಿತು. ಜನ ಮತ್ತೆ ಕಟ್ಟಿಕೊಂಡರು. 1886ರಲ್ಲಿ ಇನ್ನೊಂದು ಹರಿಕೇನ್ ಬಂದಿತು. ಬಳಿಕ ಆ ಪಟ್ಟಣವನ್ನೇ ಜನ ಬಿಟ್ಟುಹೋದರು. ಇದನ್ನು ಕಂಡ ಗ್ಯಾಲ್ವೆಸ್ಟನ್ನಿನ ಕೆಲವರು ಕಡಲಿಗೆ ತಡೆಗೋಡೆ ಕಟ್ಟಬೇಕೆಂದು ಮಾತನಾಡಿದರು. ಮಾತು ಮಾತಾಗಿಯೇ ಉಳಿಯಿತು. 1891ರಲ್ಲಿ ಅಲ್ಲಿನ ಹವಾಮಾನ ಕಚೇರಿಯ ಮುಖ್ಯಸ್ಥನಾಗಿದ್ದ ಐಸಾಕ್ ಕ್ಲೈನ್ ಎಂಬುವನು, ಗ್ಯಾಲ್ವೆಸ್ಟನ್ನಿಗೆ ಇಂಥ ಗಾಳಿಯಿಂದ ದೊಡ್ಡ ಹಾನಿಯಾದೀತೆಂದು ಅಂಜುವುದು ಬರಿಯ ಭ್ರಮೆಯೆಂದು ಪತ್ರಿಕೆಯಲ್ಲಿ ಬರೆದನು. ಓದಿದವರು ಧೈರ್ಯ ತಂದುಕೊಂಡರು. ತಿಳಿದವನೊಬ್ಬನು ಹೇಳಿದ ಹಿತವಾದ ಮಾತನ್ನು ನಂಬುವುದು ಯಾರಿಗೂ ಕಷ್ಟವಲ್ಲ.

1900ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬಿರುಗಾಳಿಯೊಂದು ಕ್ಯೂಬಾ ದ್ವೀಪದ ಮೇಲೆ ಭಾರಿ ಮಳೆ ಸುರಿಸಿ ಮುಂದೆ ಸಾಗಿತು. ಕ್ಯೂಬಾದ ಹವಾಮಾನ ತಜ್ಞರು ಇಂಥ ಗಾಳಿಗಳನ್ನು ಬಹುಕಾಲದಿಂದ ಅಭ್ಯಾಸ ಮಾಡಿದ್ದವರು. ಅದು ಮೆಕ್ಸಿಕೋ ಕೊಲ್ಲಿಯನ್ನು ಹಾದು ಟೆಕ್ಸಾಸಿನ ಕಡೆಗೆ ಹೋಗುವುದೆಂದು ಅವರು ಊಹಿಸಿದರು. ಆದರೆ ಅಂದು ಕ್ಯೂಬಾ ಅಮೆರಿಕದ ಸೇನೆಯ ಆಡಳಿತದಲ್ಲಿತ್ತು. ಅಲ್ಲಿನವರ ಬಿರುಗಾಳಿ ಸೂಚನೆಗಳು ತಂತಿಯ ಮೂಲಕ ಹೊರಗೆ ಹೋಗದಂತೆ ಅಮೆರಿಕದ ಹವಾಮಾನ ಇಲಾಖೆ ತಡೆಹಿಡಿದಿತ್ತು. ಗಾಳಿ ಫ್ಲಾರಿಡಾದ ಕಡೆಗೆ ತಿರುಗುವುದೆಂಬುದು ವಾಷಿಂಗ್ಟನ್ನಿನ ಅಧಿಕಾರಿಗಳ ಎಣಿಕೆ. ಗಾಳಿ ಆ ಎಣಿಕೆಯಂತೆ ನಡೆಯಲಿಲ್ಲ.

ಸೆಪ್ಟೆಂಬರ್ 8, ಶನಿವಾರ. ಬೆಳಗ್ಗೆಯೇ ಕಡಲ ನೀರು ತಗ್ಗಿನ ಬೀದಿಗಳಿಗೆ ಬಂದಿತ್ತು. ಗಾಳಿ ನೆಲದ ಕಡೆಯಿಂದ ಕಡಲಿನತ್ತ ಬೀಸುತ್ತಿದ್ದರೂ ನೀರು ಹಿಂಜರಿಯದೆ ಏರುತ್ತಿತ್ತು. ಇದು ಎಂದೂ ಕಾಣದ ಸಂಗತಿ. ಕಚೇರಿಯ ಮೇಲೆ ಬಿರುಗಾಳಿಯ ಬಾವುಟ ಹಿಂದಿನ ದಿನದಿಂದಲೇ ಹಾರಾಡುತ್ತಿತ್ತು. ಆದರೂ ಮಕ್ಕಳು ಬೀದಿಯ ನೀರಿನಲ್ಲಿ ಆಡಿದರು. ದೊಡ್ಡವರು ಅಲೆಗಳ ಅಬ್ಬರವನ್ನು ನೋಡಲು ದಡಕ್ಕೆ ಹೋದರು. ಮಧ್ಯಾಹ್ನದ ಹೊತ್ತಿಗೆ ದ್ವೀಪವನ್ನು ನೆಲಕ್ಕೆ ಸೇರಿಸುವ ಸೇತುವೆಗಳು ನೀರಿನ ಪಾಲಾದವು. ಆಮೇಲೆ ಹೋಗಬೇಕೆಂದವರಿಗೂ ದಾರಿಯಿರಲಿಲ್ಲ. ಸಂಜೆ ಆರು ಗಂಟೆ ದಾಟಿದ ಮೇಲೆ ಗಾಳಿಯ ವೇಗವನ್ನು ಅಳೆಯುವ ಯಂತ್ರವೇ ಕಿತ್ತುಹೋಯಿತು. ರಾತ್ರಿ 15 ಅಡಿಗೂ ಮೀರಿ ಏರಿದ ಕಡಲು ಇಡೀ ದ್ವೀಪವನ್ನು ಮುಚ್ಚಿತು. ಮುಂದಿನ ಸಾಲಿನ ಮನೆಗಳು ಒಡೆದು, ಅವುಗಳ ತೊಲೆ ಹಲಗೆಗಳು ಹಿಂದಿನ ಸಾಲಿನ ಮನೆಗಳನ್ನು ಬಡಿದು ಉರುಳಿಸಿದವು. ದಡದ ಬಳಿಯ ಒಂದು ಅನಾಥಾಲಯದಲ್ಲಿ ಕ್ರೈಸ್ತ ಸನ್ಯಾಸಿನಿಯರು ಮಕ್ಕಳು ಕೈಬಿಟ್ಟುಹೋಗದಂತೆ ಬಟ್ಟೆ ಒಣಹಾಕುವ ಹಗ್ಗದಿಂದ ಅವರನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡರು. ಹತ್ತು ಮಂದಿ ಸನ್ಯಾಸಿನಿಯರೂ ಸುಮಾರು 90 ಮಕ್ಕಳೂ ಹಾಗೆಯೇ ಮಡಿದರು. ಬದುಕಿ ಉಳಿದವರು ಮೂವರು ಹುಡುಗರು ಮಾತ್ರ.

ಬೆಳಗಾದಾಗ ನಗರದ 3,600 ಮನೆಗಳು ಇರಲಿಲ್ಲ. ಸತ್ತವರನ್ನು ನಿಖರವಾಗಿ ಎಣಿಸಲು ಯಾರಿಂದಲೂ ಆಗಲಿಲ್ಲ. ಕಡಮೆಯೆಂದರೆ 6,000, ಹೆಚ್ಚೆಂದರೆ 12,000 ಎಂದು ಹೇಳುತ್ತಾರೆ. ಅಂಜಿಕೆಯೆಲ್ಲ ಭ್ರಮೆಯೆಂದು ಬರೆದಿದ್ದ ಕ್ಲೈನನ ಮನೆಯೂ ಬಿದ್ದಿತು. ಅವನ ಹೆಂಡತಿಯೂ ಆ ರಾತ್ರಿಯೇ ತೀರಿಕೊಂಡಳು.

'ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕಿದರು' ಎಂದು ನಾವು ನಗುತ್ತೇವೆ. ಗ್ಯಾಲ್ವೆಸ್ಟನ್ನಿನವರು ಮಾಡಿದುದೂ ಅದೇ ಅಲ್ಲವೇ ಎಂದು ತೋರಬಹುದು. ಆದರೆ ಕೋಟೆಯನ್ನು ಕೊಳ್ಳೆಹೊಡೆಯುವವನು ಮತ್ತೆಯೂ ಬರುವನೆಂದು ತಿಳಿದಿರುವಾಗ, ತಡವಾಗಿಯಾದರೂ ಬಾಗಿಲು ಹಾಕುವುದು ವಿವೇಕವೇ. ಉಳಿದವರು ದ್ವೀಪವನ್ನು ಬಿಟ್ಟುಹೋಗಲಿಲ್ಲ. ಕಡಲಿಗೆ ಗೋಡೆ ಕಟ್ಟುವುದು, ಊರನ್ನೇ ಎತ್ತರಿಸುವುದು ಎಂಬ ಎರಡು ಕಾರ್ಯಗಳನ್ನು ಕೈಗೊಂಡರು. ಹೆನ್ರಿ ಮಾರ್ಟಿನ್ ರಾಬರ್ಟ್ ಮೊದಲಾದ ಮೂವರು ಎಂಜಿನಿಯರರು ಯೋಜನೆಯನ್ನು ರೂಪಿಸಿದರು. 1902ರಲ್ಲಿ ಆರಂಭವಾದ ಗೋಡೆಯ ಕೆಲಸ 1904ರಲ್ಲಿ ಮುಗಿಯಿತು. ಅದರ ಎತ್ತರ 17 ಅಡಿ. ಉದ್ದ 5 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಅಲೆ ಬಡಿದಾಗ ನೀರು ಮೇಲಕ್ಕೆ ಚಿಮ್ಮಿ ಹಿಂದಕ್ಕೆ ಬೀಳುವಂತೆ ಕಡಲಿನ ಕಡೆಯ ಮುಖವನ್ನು ಬಾಗಿಸಿ ಕಟ್ಟಿದರು.

ಎರಡನೆಯ ಕೆಲಸ ಇನ್ನೂ ಸೋಜಿಗದ್ದು. ಲಾರಿಯ ಚಕ್ರ ಬದಲಿಸುವಾಗ ಬಳಸುವ ಜಾಕಿನಂಥ ತಿರುಪಿನ ಸಾಧನಗಳನ್ನು ಮನೆಗಳ ಅಡಿಗೆ ಸಾಲಾಗಿ ಇಟ್ಟು, ಕೂಲಿಗಳು ಒಂದೇ ಲಯದಲ್ಲಿ ತಿರುಗಿಸುತ್ತಿದ್ದರು. ಮನೆ ಅಂಗುಲ ಅಂಗುಲವಾಗಿ ಮೇಲೇಳುತ್ತಿತ್ತು. ಹೀಗೆ 2,000ಕ್ಕೂ ಹೆಚ್ಚು ಕಟ್ಟಡಗಳನ್ನು ಎತ್ತಿದರು. ಸುಮಾರು 3,000 ಟನ್ ತೂಕದ ಒಂದು ಚರ್ಚನ್ನೂ 5 ಅಡಿ ಎತ್ತಿದರು. ಅನಂತರ ಕಡಲತಳದಿಂದ ಮರಳನ್ನು ನೀರಿನೊಡನೆ ಕೊಳವೆಗಳಲ್ಲಿ ಹರಿಸಿ ತಂದು ಅಡಿಯನ್ನು ತುಂಬಿದರು. ಈ ಕೆಲಸ ಹಲವು ವರ್ಷ ನಡೆಯಿತು. ಅಷ್ಟೂ ಕಾಲ ಜನರು ಮನೆಯಿಂದ ಮನೆಗೆ ಹಾಸಿದ ಹಲಗೆಗಳ ಮೇಲೆ ನಡೆದಾಡಿದರು. ಕೆಸರನ್ನೂ ದುರ್ವಾಸನೆಯನ್ನೂ ಸಹಿಸಿದರು. ತಮ್ಮ ಮನೆಯನ್ನು ಎತ್ತಿಸುವ ಖರ್ಚನ್ನು ಮನೆಯವರೇ ತೆತ್ತರು. ಆಗ ಕಡಲು ಶಾಂತವಾಗಿತ್ತು. ಯಾವ ಬಿರುಗಾಳಿಯೂ ಕಣ್ಣಿಗೆ ಕಾಣುತ್ತಿರಲಿಲ್ಲ. ಕಾಣದ ಗಾಳಿಗಾಗಿ ಅವರು ಇಷ್ಟು ಕಷ್ಟಪಟ್ಟರೆಂಬುದನ್ನು ನಾವು ಗಮನಿಸಬೇಕು.

1915ರ ಆಗಸ್ಟ್ ತಿಂಗಳಲ್ಲಿ ಆ ಕಷ್ಟಕ್ಕೆ ಪರೀಕ್ಷೆ ಬಂದಿತು. 1900ರದಕ್ಕೆ ಸರಿದೂಗುವ ಹರಿಕೇನ್ ಗ್ಯಾಲ್ವೆಸ್ಟನ್ನನ್ನು ಬಡಿಯಿತು. ಗೋಡೆ ತಡೆದು ನಿಂತಿತು. ಹಿಂದೆ ಸಾವಿರಗಟ್ಟಲೆ ಹೆಣ ಬಿದ್ದಿದ್ದ ನಗರದಲ್ಲಿ ಈ ಸಲ ಸತ್ತವರು ಬಹಳ ಸ್ವಲ್ಪ ಮಂದಿ. ಗೋಡೆಯ ಆಸರೆಯಿಲ್ಲದ ಕಡೆಗಳಲ್ಲಿ ಮಾತ್ರ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಹಾಗಾದರೆ ಗೋಡೆಯೊಂದಿದ್ದರೆ ಸಾಕೇ? ಸಾಲದು. 1961ರಲ್ಲಿ ಕಾರ್ಲ ಎಂಬ ಹರಿಕೇನ್ ಟೆಕ್ಸಾಸಿನತ್ತ ಬಂದಾಗ ಗ್ಯಾಲ್ವೆಸ್ಟನ್ನಿನ ಹವಾಮಾನ ಕಚೇರಿಯ ರೇಡಾರಿನಲ್ಲಿ ಕಂಡ ಆ ಸುಳಿಯನ್ನು ದೂರದರ್ಶನದಲ್ಲಿ ತೋರಿಸಿದರು. ತಮ್ಮ ಕಡೆಗೆ ಬರುತ್ತಿರುವುದು ಎಷ್ಟು ದೊಡ್ಡದೆಂಬುದನ್ನು ಜನರು ಕಣ್ಣಾರೆ ಕಂಡರು. ಸುಮಾರು ಐದು ಲಕ್ಷ ಜನ ತೀರವನ್ನು ಬಿಟ್ಟು ಒಳನಾಡಿಗೆ ಹೋದರು. ಗಾಳಿ ಬಹು ಬಲವಾಗಿದ್ದರೂ ಸತ್ತವರು 50ಕ್ಕಿಂತ ಕಡಮೆ. ಆದರೆ 2008ರ ಸೆಪ್ಟೆಂಬರಿನಲ್ಲಿ ಐಕ್ ಎಂಬ ಹರಿಕೇನ್ ಬಂದಾಗ, ಊರು ಬಿಡಬೇಕೆಂಬ ಆಜ್ಞೆಯಾಗಿದ್ದರೂ ಸಾವಿರಾರು ಮಂದಿ ಗ್ಯಾಲ್ವೆಸ್ಟನ್ನಿನಲ್ಲೇ ಉಳಿದರು. ಆ ಸಲ ನೀರು ಗೋಡೆಯಿಲ್ಲದ ಹಿಂಬದಿಯ ಕೊಲ್ಲಿಯ ಕಡೆಯಿಂದ ಏರಿ ನಗರಕ್ಕೆ ನುಗ್ಗಿತು. ಗೋಡೆ ತಾನು ನಿಂತ ದಿಕ್ಕನ್ನು ಮಾತ್ರ ಕಾಯುತ್ತದೆ. ಉಳಿದ ದಿಕ್ಕುಗಳನ್ನು ಮನುಷ್ಯನ ವಿವೇಕವೇ ಕಾಯಬೇಕು.

ಇಂದು ಆ ತೀರದ ಸಂಸಾರಗಳು ಸಿದ್ಧವಾಗುವ ರೀತಿಯನ್ನು ನೋಡೋಣ. ಜೂನ್ ಒಂದರಿಂದ ನವೆಂಬರ್ ಕೊನೆಯವರೆಗೆ ಅಲ್ಲಿ ಹರಿಕೇನ್ ಕಾಲ. ಬಿರುಗಾಳಿಯ ಹೊಡೆತ ಆರಂಭವಾಗುವುದಕ್ಕೆ ಸುಮಾರು 48 ಗಂಟೆ ಮೊದಲು 'ಹರಿಕೇನ್ ಬರಬಹುದು' ಎಂಬ ಮುನ್ಸೂಚನೆಯನ್ನೂ, ಸುಮಾರು 36 ಗಂಟೆ ಮೊದಲು 'ಬರಲಿದೆ' ಎಂಬ ಎಚ್ಚರಿಕೆಯನ್ನೂ ಹವಾಮಾನ ಇಲಾಖೆ ಕೊಡುತ್ತದೆ. ಮೊದಲನೆಯದು ಬಂದೊಡನೆ ಮನೆಯವರು ಕಿಟಕಿಗಳಿಗೆ ಹಲಗೆ ಬಡಿಯುತ್ತಾರೆ. ಅಂಗಳದಲ್ಲಿರುವ ಕುರ್ಚಿ, ಕುಂಡ, ಸೈಕಲ್ಲುಗಳನ್ನು ಒಳಗೆ ತರುತ್ತಾರೆ. ಬಿರುಗಾಳಿಯಲ್ಲಿ ಹೂವಿನ ಕುಂಡವೂ ಫಿರಂಗಿಯ ಗುಂಡಾಗುತ್ತದೆ. ಕುಡಿಯುವ ನೀರು, ಬೇಯಿಸದೆ ತಿನ್ನಬಹುದಾದ ಆಹಾರ, ಔಷಧಿ, ಟಾರ್ಚು, ಬ್ಯಾಟರಿಯ ರೇಡಿಯೋ ಇವುಗಳನ್ನು ಒಂದೆಡೆ ಇಡುತ್ತಾರೆ. ಮನೆಯ ಕಾಗದಪತ್ರಗಳನ್ನು ನೀರು ತಾಗದ ಚೀಲದಲ್ಲಿ ಕಟ್ಟುತ್ತಾರೆ. ಕಾರಿಗೆ ಪೆಟ್ರೋಲು ತುಂಬಿಸಿ, ಹೋಗಬೇಕಾದ ದಾರಿಯನ್ನು ಗೊತ್ತುಮಾಡಿಕೊಳ್ಳುತ್ತಾರೆ. ನೆರೆಮನೆಯಲ್ಲಿ ಒಂಟಿಯಾಗಿರುವ ಮುದುಕರನ್ನು ವಿಚಾರಿಸುತ್ತಾರೆ. ಹೊರಡಿರೆಂಬ ಆಜ್ಞೆ ಬಂದರೆ ಬಾಗಿಲು ಹಾಕಿ ಹೊರಡುತ್ತಾರೆ. ಇವುಗಳಲ್ಲಿ ಕಟ್ಟಕಡೆಯದೇ ಎಲ್ಲಕ್ಕಿಂತ ಕಠಿಣ. ಬೆವರು ಸುರಿಸಿ ಕಟ್ಟಿದ ಮನೆಗೆ ಬೆನ್ನು ಹಾಕಿ ನಡೆಯಲು ಗೋಡೆ ಕಟ್ಟುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು.

ಈ ಪಾಠ ದೂರದ ದೇಶದ್ದು ಮಾತ್ರವಲ್ಲ. 1999ರ ಅಕ್ಟೋಬರ್ 29ರಂದು ನಮ್ಮ ಒಡಿಶಾದ ತೀರವನ್ನು ಹೊಡೆದ ಮಹಾ ಚಂಡಮಾರುತದಲ್ಲಿ ಸುಮಾರು 10,000 ಜನ ಸತ್ತರು. ಆ ದುಃಖದಿಂದ ಒಡಿಶಾ ಪಾಠ ಕಲಿಯಿತು. ತೀರದ ಹಳ್ಳಿಗಳಲ್ಲಿ ಕಂಬಗಳ ಮೇಲೆ ನಿಂತ ಆಶ್ರಯ ಕಟ್ಟಡಗಳೆದ್ದವು. ಅವುಗಳಲ್ಲಿ ಅನೇಕವು ಉಳಿದ ದಿನಗಳಲ್ಲಿ ಶಾಲೆಗಳಾಗಿ ನಡೆದವು. ಹಳ್ಳಿಯ ತರುಣ ತರುಣಿಯರು ಸ್ವಯಂಸೇವಕರಾಗಿ ತರಬೇತಿ ಪಡೆದರು. 2013ರ ಅಕ್ಟೋಬರ್ 12ರಂದು ಫೈಲಿನ್ ಚಂಡಮಾರುತ ಗೋಪಾಲಪುರದ ಬಳಿ ನೆಲವನ್ನು ಮುಟ್ಟುವ ಮೊದಲೇ ಸುಮಾರು ಹತ್ತು ಲಕ್ಷ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು. ಮನೆಗಳು ಬಿದ್ದವು, ಬೆಳೆ ಹಾಳಾಯಿತು. ಆದರೆ ಸಾವಿನ ಲೆಕ್ಕ ಸಾವಿರಗಳಿಂದ ಹತ್ತುಗಳಿಗೆ ಇಳಿಯಿತು. ನಮ್ಮ ಕರ್ನಾಟಕದ ಕರಾವಳಿಯೂ ಈ ಭಯದಿಂದ ಹೊರತಾಗಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಅರಬ್ಬೀ ಸಮುದ್ರದಲ್ಲಿ ಉತ್ತರಕ್ಕೆ ಸಾಗುವಾಗ ನಮ್ಮ ದಡವನ್ನೂ ಕೊರೆದು ಹೋಯಿತು.

ಗಾಳಿಯನ್ನು ಮನುಷ್ಯ ಕಟ್ಟಿಹಾಕಲಾರ. ಆದರೆ ಗ್ಯಾಲ್ವೆಸ್ಟನ್ನಿನ ಸಾವಿರಾರು ಜನರ ಸಾವಿಗೆ ಗಾಳಿಯೊಂದೇ ಕಾರಣವಲ್ಲ. ಬಲ್ಲವರ ಮಾತನ್ನು ತಡೆಹಿಡಿದುದು, ನೆರೆಯ ಊರಿನ ನಾಶವನ್ನು ಕಂಡೂ ಮರೆತುದು, ಹಿತವಾದುದನ್ನೇ ಸತ್ಯವೆಂದು ನಂಬಿದುದು, ಇವೂ ಕಾರಣಗಳೇ. ಮುನ್ಸೂಚನೆ ಹೇಳುವವನಿಗೆ ಸತ್ಯವನ್ನು ನುಡಿಯುವ ಧೈರ್ಯವಿರಬೇಕು. ಕೇಳುವವನಿಗೆ ಅದರಂತೆ ನಡೆಯುವ ಮನಸ್ಸಿರಬೇಕು. ಇವೆರಡೂ ಕೂಡಿದ ಊರನ್ನು ಬಿರುಗಾಳಿ ಕೆಡವಬಹುದು, ಅಳಿಸಲಾರದು.

ಅಭ್ಯಾಸ

1. ಹರಿಕೇನ್ ಹೇಗೆ ಹುಟ್ಟುತ್ತದೆ? ಅದರಲ್ಲಿ ಹೆಚ್ಚಿನ ಸಾವಿಗೆ ಕಾರಣವೇನು?
2. 1900ಕ್ಕೆ ಮೊದಲು ಗ್ಯಾಲ್ವೆಸ್ಟನ್ನಿನ ಜನರಿಗೆ ದೊರೆತ ಸೂಚನೆಗಳು ಯಾವುವು? ಅವರು ಏಕೆ ಸಿದ್ಧರಾಗಲಿಲ್ಲ?
3. ಗ್ಯಾಲ್ವೆಸ್ಟನ್ ನಗರವನ್ನು ಎತ್ತರಿಸಿದ ಬಗೆಯನ್ನು ನಿಮ್ಮ ಮಾತುಗಳಲ್ಲಿ ವಿವರಿಸಿರಿ.
4. 'ಗೋಡೆ ತಾನು ನಿಂತ ದಿಕ್ಕನ್ನು ಮಾತ್ರ ಕಾಯುತ್ತದೆ.' ಈ ಮಾತಿನ ಸಂದರ್ಭವನ್ನೂ ಸ್ವಾರಸ್ಯವನ್ನೂ ತಿಳಿಸಿರಿ.
5. 1999 ಮತ್ತು 2013ರ ಒಡಿಶಾದ ಚಂಡಮಾರುತಗಳನ್ನು ಹೋಲಿಸಿ ಒಂದು ಟಿಪ್ಪಣಿ ಬರೆಯಿರಿ.
6. ನೆರೆ, ಬರ, ಗುಡ್ಡಕುಸಿತ, ಬೆಂಕಿ, ಇವುಗಳಲ್ಲಿ ನಿಮ್ಮ ಊರಿಗೆ ಒದಗಬಹುದಾದ ಅಪಾಯ ಯಾವುದು? ಅದಕ್ಕೆ ಮೊದಲೇ ಮಾಡಿಕೊಳ್ಳಬೇಕಾದ ಸಿದ್ಧತೆಗಳನ್ನು ಹಿರಿಯರನ್ನು ಕೇಳಿ ಪಟ್ಟಿಮಾಡಿರಿ.