ಗಾಯಾಳು ಆಟಗಾರನೂ ಹಳೆಯ ಯಂತ್ರವೂ: ಅಪಾಯವಿರುವ ಖರೀದಿಯ ಲೆಕ್ಕಾಚಾರ

ಲೆಕ್ಕ ತಪಾಸಣೆಯ ನಿಮಿತ್ತ ಕಾರವಾರ ಮತ್ತು ಅಂಕೋಲಾ ಪೇಟೆಗಳಲ್ಲಿ ಮೂರು ದಶಕಗಳಿಂದ ಓಡಾಡುತ್ತಿರುವ ನನಗೆ, ವ್ಯಾಪಾರಸ್ಥರು ಕ್ರಿಕೆಟ್ ಕುರಿತು ವಾದಿಸುವುದನ್ನು ಕೇಳುವುದು ಹೊಸದೇನಲ್ಲ. ಆದರೆ 2024ರ ನವೆಂಬರ್ ತಿಂಗಳ ಕೊನೆಯ ವಾರದಲ್ಲಿ ಅಂಕೋಲೆಯ ಒಂದು ಅಂಗಡಿಯಲ್ಲಿ ನಡೆದ ವಾದವು ವಾಣಿಜ್ಯ ದೃಷ್ಟಿಯಿಂದ ವಿಚಾರಯೋಗ್ಯವಾಗಿತ್ತು. ಆ ತಿಂಗಳ 24 ಮತ್ತು 25ರಂದು ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಐಪಿಎಲ್ ಆಟಗಾರರ ಹರಾಜು ನಡೆದಿತ್ತು. ನಮ್ಮ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡವು ಆಸ್ಟ್ರೇಲಿಯಾದ ವೇಗದ ಬೌಲರ್ ಜೋಶ್ ಹೇಜಲ್‌ವುಡ್ ಅವರನ್ನು 12.50 ಕೋಟಿ ರೂಪಾಯಿಗೆ ಕೊಂಡಿತ್ತು.

ಮೀನುಗಾರಿಕೆಗೆ ಮಂಜುಗಡ್ಡೆ ಪೂರೈಸುವ ಕಾರ್ಖಾನೆಯ ಮಾಲೀಕರೊಬ್ಬರು ಈ ಖರೀದಿಯನ್ನು ಬಲವಾಗಿ ಖಂಡಿಸಿದರು. "ವಯಸ್ಸು ಮೂವತ್ಮೂರು. ಹೋದ ಸಲ ನಮ್ಮ ತಂಡದಲ್ಲಿದ್ದಾಗಲೇ ಗಾಯವೆಂದು ಮೂರು ಪಂದ್ಯ ಆಡಿ ಊರಿಗೆ ಹೋದವನು. ಅವನಿಗೆ ಹನ್ನೆರಡೂವರೆ ಕೋಟಿಯೇ?" ಎಂಬುದು ಅವರ ಪ್ರಶ್ನೆ. "ಅಂಥ ಬೌಲರ್ ಬೇರೆ ಎಲ್ಲಿದ್ದಾನೆ, ಹೇಳಿ ನೋಡೋಣ" ಎಂಬುದು ಎದುರಿನವರ ವಾದ. ವಿಚಿತ್ರವೆಂದರೆ, ಖಂಡಿಸಿದ ಅದೇ ಮಾಲೀಕರು ಕೆಲವೇ ತಿಂಗಳ ಹಿಂದೆ ಬಳಸಿದ ಕಂಪ್ರೆಸರ್ ಒಂದನ್ನು, ಅದರ ದುರಸ್ತಿಯ ಇತಿಹಾಸವನ್ನು ವಿಚಾರಿಸದೆ, ಅಗ್ಗವೆಂಬ ಒಂದೇ ಕಾರಣಕ್ಕೆ ಕೊಂಡಿದ್ದರು. ಮುಂದಿನ ಹಂಗಾಮಿನ ಆರಂಭದಲ್ಲಿಯೇ ಅದು ನಿಂತಿತು. ಆಗ ಅವರು ನನ್ನಲ್ಲಿ ಕೇಳಿದ ಪ್ರಶ್ನೆ: "ನಾನು ಕೊಂಡದ್ದೇ ತಪ್ಪೇ, ಸಾಹೇಬ್ರೇ?" ಆ ಪ್ರಶ್ನೆಗೆ ಕ್ರಮಬದ್ಧವಾಗಿ ಉತ್ತರಿಸುವುದೇ ಈ ಲೇಖನದ ಉದ್ದೇಶ.

ಎರಡು ಖರೀದಿಗಳ ಕಥೆ

ಮೊದಲು ಎರಡು ಉದಾಹರಣೆಗಳನ್ನು ಪರಿಶೀಲಿಸೋಣ. 2022ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಹರಾಜಿನಲ್ಲಿ ಮುಂಬೈ ಇಂಡಿಯನ್ಸ್ ತಂಡವು ಇಂಗ್ಲೆಂಡಿನ ಜೋಫ್ರಾ ಆರ್ಚರ್ ಅವರನ್ನು 8 ಕೋಟಿಗೆ ಪಡೆಯಿತು. ಮೊಣಕೈ ಗಾಯದಿಂದಾಗಿ ಅವರು ಆ ವರ್ಷ ಆಡಲಾರರೆಂಬುದು ಹರಾಜಿಗೆ ಮುಂಚೆಯೇ ತಿಳಿದಿತ್ತು. ಅವರ ಸ್ಥಾನಕ್ಕೆ ಆ ವರ್ಷ ಬದಲಿ ಆಟಗಾರನನ್ನು ಪಡೆಯಲು ಅವಕಾಶವೂ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ಬುಮ್ರಾ ಮತ್ತು ಆರ್ಚರ್ ಜೊತೆಯಾಗಿ ಬೌಲಿಂಗ್ ಮಾಡುವರೆಂಬುದು ತಂಡದ ಎಣಿಕೆಯಾಗಿತ್ತು. ನಡೆದದ್ದೇನು? 2022ರಲ್ಲಿ ಮುಂಬೈ ಹತ್ತು ತಂಡಗಳಲ್ಲಿ ಹತ್ತನೆಯ ಸ್ಥಾನಕ್ಕಿಳಿಯಿತು. 2023ರಲ್ಲಿ ಆರ್ಚರ್ ಬಂದರು. ಆದರೆ ಬೆನ್ನಿನ ತೊಂದರೆಯಿಂದ ಬುಮ್ರಾ ಇಡೀ ಹಂಗಾಮಿಗೆ ದೂರವಾದರು. ಆರ್ಚರ್ ಕೂಡ 5 ಪಂದ್ಯಗಳಲ್ಲಿ 2 ವಿಕೆಟ್ ಪಡೆದು ನಿರ್ಗಮಿಸಿದರು.

ಹಂಗಾಮಿಗೆ ಮುನ್ನವೇ ಗಾಯಗೊಂಡು ಬಾರದ ಆಟಗಾರನಿಗೆ ಆ ವರ್ಷದ ಸಂಭಾವನೆ ಸಾಮಾನ್ಯವಾಗಿ ಸಲ್ಲುವುದಿಲ್ಲ. ಹಾಗಿದ್ದರೆ 2022ರಲ್ಲಿ ಮುಂಬೈಗೆ ಆದ ನಷ್ಟವೇನು ಎಂದು ಕೇಳಬಹುದು. ಹರಾಜಿನಲ್ಲಿ ಪ್ರತಿ ತಂಡದ ಖರ್ಚಿಗೆ 90 ಕೋಟಿಯ ಮಿತಿಯಿತ್ತು. ಅದರಲ್ಲಿ 8 ಕೋಟಿ ಆರ್ಚರ್ ಹೆಸರಿನಲ್ಲಿ ಕಟ್ಟಿಹೋದದ್ದರಿಂದ, ಆ ಹಣದಲ್ಲಿ ಅಂದೇ ಆಡಬಲ್ಲ ಬೌಲರ್‌ನನ್ನು ಕೊಳ್ಳುವ ಅವಕಾಶ ಕೈತಪ್ಪಿತು. ಇದನ್ನೇ ನಾವು ಅವಕಾಶ ವೆಚ್ಚವೆಂದು ಕರೆಯುತ್ತೇವೆ. ಖಾತೆ ಪುಸ್ತಕದಲ್ಲಿ ಇದು ಎಲ್ಲಿಯೂ ಕಾಣಿಸದು. ಆದರೆ ಪೆಟ್ಟು ಮಾತ್ರ ನಿಜವಾದದ್ದು.

ಎರಡನೆಯದು ನಮ್ಮ ತಂಡದ ಖರೀದಿ. 120 ಕೋಟಿಯ ಮಿತಿಯಲ್ಲಿ ಹೇಜಲ್‌ವುಡ್ ಅವರ ಪಾಲು ಶೇಕಡಾ 10ಕ್ಕೆ ತುಸು ಹೆಚ್ಚು. ಹರಾಜಿನ ನಂತರದ ತಿಂಗಳುಗಳಲ್ಲಿ ಅವರು ಮತ್ತೆ ಗಾಯಗೊಂಡು 2025ರ ಚಾಂಪಿಯನ್ಸ್ ಟ್ರೋಫಿಯನ್ನೂ ತಪ್ಪಿಸಿಕೊಂಡಾಗ, ಖಂಡಿಸಿದವರ ಮಾತೇ ಸರಿಯೆನಿಸಿತ್ತು. ಆದರೂ ಐಪಿಎಲ್ ವೇಳೆಗೆ ಚೇತರಿಸಿಕೊಂಡು ಮೊದಲ 10 ಪಂದ್ಯಗಳಲ್ಲಿ 18 ವಿಕೆಟ್ ಪಡೆದರು. ಬಳಿಕ ಭುಜದ ನೋವಿನಿಂದ ಹೊರಗುಳಿದರು. ಮೇ 3ರಂದು ಚೆನ್ನೈ ವಿರುದ್ಧ ಅವರ ಸ್ಥಾನದಲ್ಲಿ ಆಡಿದ ಲುಂಗಿ ಎನ್‌ಗಿಡಿ 3 ವಿಕೆಟ್ ಪಡೆದರು; ಪಂದ್ಯವನ್ನು ನಮ್ಮ ತಂಡ ಕೇವಲ 2 ರನ್ನುಗಳಿಂದ ಗೆದ್ದಿತು. ಎನ್‌ಗಿಡಿ ಅವರ ಹರಾಜು ಬೆಲೆ 1 ಕೋಟಿ ಮಾತ್ರ. ಮೇ 29ರ ಮೊದಲ ಕ್ವಾಲಿಫೈಯರ್‌ಗೆ ಮರಳಿದ ಹೇಜಲ್‌ವುಡ್ 21 ರನ್ನಿಗೆ 3 ವಿಕೆಟ್ ಕಿತ್ತು, ಪಂಜಾಬ್ ತಂಡ 101ಕ್ಕೆ ಕುಸಿಯಲು ಕಾರಣರಾದರು. ಜೂನ್ 3ರಂದು ಅಹಮದಾಬಾದಿನಲ್ಲಿ 6 ರನ್ನುಗಳ ಜಯದೊಂದಿಗೆ, 18ನೆಯ ಪ್ರಯತ್ನದಲ್ಲಿ, ತಂಡಕ್ಕೆ ಮೊದಲ ಐಪಿಎಲ್ ಪ್ರಶಸ್ತಿ ಬಂದಿತು. ಹೇಜಲ್‌ವುಡ್ ಅವರ ಒಟ್ಟು ಗಳಿಕೆ 12 ಪಂದ್ಯಗಳಲ್ಲಿ 22 ವಿಕೆಟ್.

ಫಲಿತಾಂಶವೊಂದೇ ಪ್ರಮಾಣವಲ್ಲ

"ನನ್ನ ವಾದ ಸೋತಿತು" ಎಂದು ಮಂಜುಗಡ್ಡೆ ಕಾರ್ಖಾನೆಯ ಮಾಲೀಕರು ಆಗ ಒಪ್ಪಿಕೊಂಡರು. ನಾನು ಅದನ್ನು ಒಪ್ಪಲಿಲ್ಲ. ಭಾರತ-ಪಾಕಿಸ್ತಾನ ಸಂಘರ್ಷದ ಕಾರಣ 2025ರ ಮೇ 9ರಂದು ಪಂದ್ಯಾವಳಿ ಸ್ಥಗಿತಗೊಂಡು ಮೇ 17ರಂದು ಪುನರಾರಂಭವಾಯಿತು. ಗಾಯಾಳುವಿಗೆ ಚೇತರಿಸಿಕೊಳ್ಳಲು ಹೆಚ್ಚುವರಿ ದಿನಗಳು ಅನಾಯಾಸವಾಗಿ ದೊರೆತವು. ಇದನ್ನು ಹರಾಜಿನ ದಿನ ಯಾರೂ ಎಣಿಸಿರಲಿಲ್ಲ. ಆದ್ದರಿಂದ ಗೆದ್ದ ಮಾತ್ರಕ್ಕೆ ಖರೀದಿಯು ವಿವೇಕದ್ದೆಂದಾಗಲಿ, ಸೋತ ಮಾತ್ರಕ್ಕೆ ಅವಿವೇಕದ್ದೆಂದಾಗಲಿ ತೀರ್ಮಾನಿಸಲಾಗದು. ಖರೀದಿಯ ದಿನ ಏನು ತಿಳಿದಿತ್ತು, ಏನನ್ನು ವಿಚಾರಿಸಲಾಯಿತು, ಕೆಟ್ಟರೆ ಏನು ಮಾಡಬೇಕೆಂಬ ಏರ್ಪಾಡು ಇತ್ತೇ ಎಂಬ ಮೂರು ಅಂಶಗಳಿಂದ ನಿರ್ಧಾರವನ್ನು ತೂಗಬೇಕು. ಬೆಂಗಳೂರು ತಂಡವು ಹೇಜಲ್‌ವುಡ್ ಜೊತೆಗೆ ಭುವನೇಶ್ವರ್ ಕುಮಾರ್ ಅವರಿಗೆ 10.75 ಕೋಟಿ ನೀಡಿ, ಎನ್‌ಗಿಡಿ ಮತ್ತು ನುವಾನ್ ತುಷಾರ ಅವರನ್ನೂ ಕಡಿಮೆ ಬೆಲೆಗೆ ಪಡೆದಿತ್ತು. ಪ್ರಶಂಸೆಗೆ ಅರ್ಹವಾದದ್ದು ಈ ಏರ್ಪಾಡು. ಮುಂಬೈ ತಂಡದ ದೋಷವೂ ಆರ್ಚರ್ ಒಬ್ಬರನ್ನು ಕೊಂಡದ್ದಲ್ಲ. ಎರಡು ಮುಖ್ಯ ಕಂಬಗಳು ಒಂದೇ ಬಗೆಯ ಅಪಾಯಕ್ಕೆ ಗುರಿಯಾಗುವಂತಿದ್ದದ್ದು.

ಅಪಾಯವನ್ನು ನಿರಾಕರಿಸಿದರೂ ಅದು ನಮ್ಮನ್ನು ಬಿಡುವುದಿಲ್ಲ ಎಂಬುದಕ್ಕೆ ಅಮೆರಿಕದ ಫುಟ್‌ಬಾಲ್‌ನಲ್ಲಿ ಒಂದು ನಿದರ್ಶನವಿದೆ. 2006ರಲ್ಲಿ ಮಿಯಾಮಿ ತಂಡವು ಭುಜದ ಶಸ್ತ್ರಚಿಕಿತ್ಸೆಯಾಗಿದ್ದ ಡ್ರೂ ಬ್ರೀಸ್ ಎಂಬ ಆಟಗಾರನ ಬಗ್ಗೆ ಹಿಂಜರಿದು, ಡಾಂಟೆ ಕಲ್‌ಪೆಪರ್ ಎಂಬವರನ್ನು ಆರಿಸಿತು. ಅವರ ಮೊಣಕಾಲೂ ಹಿಂದಿನ ವರ್ಷ ತೀವ್ರವಾಗಿ ಗಾಯಗೊಂಡಿತ್ತು. ಕಲ್‌ಪೆಪರ್ ಆ ವರ್ಷ ನಾಲ್ಕೇ ಪಂದ್ಯ ಆಡಿದರು. ಬ್ರೀಸ್ ನ್ಯೂ ಆರ್ಲಿಯನ್ಸ್ ತಂಡ ಸೇರಿ 2010ರಲ್ಲಿ ಸೂಪರ್ ಬೌಲ್ ಗೆಲ್ಲಿಸಿದರು. "ಇದು ಬೇಡ" ಎನ್ನುವಾಗ "ಇದರ ಬದಲು ಏನು?" ಎಂಬುದನ್ನೂ ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಬೇಕು.

ಅಂಕಿಗಳಲ್ಲಿ ನೋಡಿದಾಗ

ಈಗ ಕಂಪ್ರೆಸರ್ ವಿಷಯಕ್ಕೆ ಬರೋಣ. ಸುಲಭವಾಗಿ ತಿಳಿಯಲೆಂದು ಇಲ್ಲಿ ಕಾಲ್ಪನಿಕ ಅಂಕಿಗಳನ್ನು ಬಳಸಿದ್ದೇನೆ. ಹೊಸ ಯಂತ್ರದ ಬೆಲೆ 20 ಲಕ್ಷ, ಬಾಳಿಕೆ 10 ವರ್ಷ. ಬಳಸಿದ ಯಂತ್ರದ ಬೆಲೆ 9 ಲಕ್ಷ, ಉಳಿದ ಬಾಳಿಕೆ 5 ವರ್ಷ ಎಂದಿಟ್ಟುಕೊಳ್ಳಿ. ವರ್ಷದ ಸವಕಳಿ ಕ್ರಮವಾಗಿ 2 ಲಕ್ಷ ಮತ್ತು 1.80 ಲಕ್ಷ, ಉಳಿತಾಯ 20,000 ರೂಪಾಯಿ. ತೊಡಗಿಸದೆ ಉಳಿದ 11 ಲಕ್ಷಕ್ಕೆ ಶೇಕಡಾ 12ರಂತೆ ಮೊದಲ ವರ್ಷದ ಬಡ್ಡಿ 1.32 ಲಕ್ಷ. ಹೀಗೆ ಹಳೆಯದನ್ನು ಕೊಂಡರೆ ಮೊದಲ ವರ್ಷದ ಉಳಿತಾಯ 1.52 ಲಕ್ಷ. ಬಹುತೇಕ ಖರೀದಿದಾರರು ತಮ್ಮ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ.

ಹಂಗಾಮಿನ ಮಧ್ಯದಲ್ಲಿ ಯಂತ್ರ ಕೆಡುವ ಸಂಭವ ಹೊಸದಕ್ಕೆ 20ರಲ್ಲಿ 1, ಹಳೆಯದಕ್ಕೆ 4ರಲ್ಲಿ 1 ಎಂದು ಭಾವಿಸಿ. ಇಬ್ಬರು ಮಾಲೀಕರನ್ನು ಹೋಲಿಸೋಣ.

ಮೊದಲನೆಯವರ ಬಳಿ ಸಣ್ಣದೊಂದು ಬದಲಿ ಯಂತ್ರವಿದೆ. ಮುಖ್ಯ ಯಂತ್ರ ನಿಂತರೆ ಅವರಿಗಾಗುವ ನಷ್ಟ 4 ಲಕ್ಷ. ನಿರೀಕ್ಷಿತ ನಷ್ಟವು ಹೊಸದರಲ್ಲಿ 20,000, ಹಳೆಯದರಲ್ಲಿ 1 ಲಕ್ಷ, ವ್ಯತ್ಯಾಸ 80,000. ಇದನ್ನು ಕಳೆದರೂ ಹಳೆಯ ಯಂತ್ರದಿಂದ 72,000 ರೂಪಾಯಿ ಲಾಭವೇ ಇದೆ.

ಎರಡನೆಯವರ ಬಳಿ ಬದಲಿ ಯಂತ್ರವಿಲ್ಲ. ಯಂತ್ರ ನಿಂತರೆ ಬೋಟಿನವರು ಬೇರೆ ಕಾರ್ಖಾನೆಗೆ ಹೋಗಿ ಇಡೀ ಹಂಗಾಮಿಗೆ ಅಲ್ಲಿಯೇ ನೆಲೆನಿಲ್ಲುತ್ತಾರೆ. ನಷ್ಟ 10 ಲಕ್ಷ. ನಿರೀಕ್ಷಿತ ನಷ್ಟದ ವ್ಯತ್ಯಾಸ 2 ಲಕ್ಷ. ಇವರಿಗೆ ಅದೇ ಅಗ್ಗದ ಯಂತ್ರವು 48,000 ರೂಪಾಯಿ ದುಬಾರಿ.

ಯಂತ್ರ ಒಂದೇ, ಬೆಲೆ ಒಂದೇ. ಆದರೆ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ. ಈ ಉದಾಹರಣೆಯಲ್ಲಿ ಗಡಿರೇಖೆ 7.60 ಲಕ್ಷ. ಉಳಿತಾಯವನ್ನು (1.52 ಲಕ್ಷ) ಕೆಡುವ ಸಂಭವದ ವ್ಯತ್ಯಾಸದಿಂದ (ಶೇಕಡಾ 20) ಭಾಗಿಸಿದರೆ ಇದು ದೊರೆಯುತ್ತದೆ. ಒಮ್ಮೆ ನಿಂತರೆ ಆಗುವ ನಷ್ಟ ಇದಕ್ಕಿಂತ ಹೆಚ್ಚಿದ್ದರೆ ಹೊಸದೇ ಲೇಸು.

ಪಾಲಿಸಬೇಕಾದ ಕ್ರಮಗಳು

1. ಖರೀದಿಗೆ ಮುನ್ನ ದುರಸ್ತಿಯ ದಾಖಲೆ, ಬಿಡಿಭಾಗಗಳ ಲಭ್ಯತೆ ಹಾಗೂ ಹಿಂದಿನ ಮಾಲೀಕರು ಮಾರುತ್ತಿರುವ ಕಾರಣವನ್ನು ವಿಚಾರಿಸಿ. ನಿಮ್ಮದೇ ಮೆಕ್ಯಾನಿಕ್‌ನನ್ನು ಕರೆದೊಯ್ದು, ಯಂತ್ರವನ್ನು ಪೂರ್ಣ ಹೊರೆಯಲ್ಲಿ ನಡೆಸಿ ನೋಡಿ.

2. ಕಾಲವನ್ನು ಗಮನಿಸಿ. ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಮೀನುಗಾರಿಕೆ ನಿಷೇಧವಿರುತ್ತದೆ. ಆ ಅವಧಿಯಲ್ಲಿ ಯಂತ್ರ ಬಿಚ್ಚಿದರೆ ದುರಸ್ತಿಯ ವೆಚ್ಚ ಮಾತ್ರ. ಆಗಸ್ಟ್‌ನಲ್ಲಿ ನಿಂತರೆ ಗ್ರಾಹಕರೇ ಹೋಗುತ್ತಾರೆ.

3. ಯಂತ್ರ ಕೆಡುವಿಕೆಯ ವಿಮೆಯನ್ನು ಪಡೆಯಿರಿ. ಆದರೆ ಸಹಜ ಸವೆತಕ್ಕೆ ಅದರಲ್ಲಿ ಪರಿಹಾರವಿಲ್ಲ. ಉತ್ಪಾದನೆ ನಿಂತದ್ದರಿಂದಾಗುವ ಲಾಭನಷ್ಟಕ್ಕೆ ಪ್ರತ್ಯೇಕ ಪಾಲಿಸಿ ಬೇಕಾಗುತ್ತದೆ.

4. ಭವಿಷ್ಯದ ದುರಸ್ತಿಗಾಗಿ ಲೆಕ್ಕಪುಸ್ತಕದಲ್ಲಿ ಇಂದೇ ವೆಚ್ಚ ತೋರಿಸಲು ಲೆಕ್ಕಪತ್ರ ಮಾನಕ 29 ಅವಕಾಶ ನೀಡುವುದಿಲ್ಲ. ಆದ್ದರಿಂದ ಏರ್ಪಾಡು ಬ್ಯಾಂಕಿನಲ್ಲಿರಲಿ. ಮೇಲಿನ ಉದಾಹರಣೆಯಲ್ಲಿ ಉಳಿದ 1.52 ಲಕ್ಷವನ್ನು ಪ್ರತ್ಯೇಕ ಠೇವಣಿಯಾಗಿಡಿ. ಅದನ್ನು ಲಾಭವೆಂದು ಖರ್ಚು ಮಾಡಬೇಡಿ.

5. ತೆರಿಗೆಯನ್ನೂ ಲೆಕ್ಕಕ್ಕೆ ಸೇರಿಸಿ. ಅರ್ಹ ತಯಾರಕರಿಗೆ ಹೊಸ ಯಂತ್ರದ ಮೇಲೆ ದೊರೆಯುವ ಹೆಚ್ಚುವರಿ ಸವಕಳಿಯು ಬಳಸಿದ ಯಂತ್ರಕ್ಕೆ ಸಿಗದು. ರಿಯಾಯಿತಿ ದರದ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಈ ಸೌಲಭ್ಯವೇ ಇಲ್ಲ.

6. ಒಮ್ಮೆ ಕೊಟ್ಟ ಬೆಲೆಯನ್ನು ಮುಂದಿನ ನಿರ್ಧಾರಕ್ಕೆ ಆಧಾರವಾಗಿಸಬೇಡಿ. "ಒಂಬತ್ತು ಲಕ್ಷ ಹಾಕಿದ್ದೇನೆ" ಎಂಬ ಕಾರಣಕ್ಕೆ ಮತ್ತೆ ಮತ್ತೆ ದುರಸ್ತಿಗೆ ಹಣ ಸುರಿಯುವುದು ತರವಲ್ಲ. ಇಂದಿನಿಂದ ಮುಂದೆ ಬರುವ ಆದಾಯವೆಷ್ಟು, ವೆಚ್ಚವೆಷ್ಟು ಎಂಬುದಷ್ಟೇ ಗಣನೀಯ.

ಉಪಸಂಹಾರ

ಸರಾಸರಿ ಲೆಕ್ಕವು ಲಾಭ ತೋರಿದರೂ ಕೊನೆಯದಾಗಿ ಒಂದು ಪ್ರಶ್ನೆ ಉಳಿಯುತ್ತದೆ: ಕೆಟ್ಟ ವರ್ಷವು ಮೊದಲ ವರ್ಷವೇ ಬಂದರೆ ತಡೆದುಕೊಳ್ಳುವ ಶಕ್ತಿ ನಮಗಿದೆಯೇ? ಐಪಿಎಲ್ ತಂಡಕ್ಕೆ ಒಂದು ಹಂಗಾಮು ಹೋದರೆ ಮುಂದಿನ ವರ್ಷವಿದೆ. ಸಾಲದ ಕಂತು ಕಟ್ಟುವ ಸಣ್ಣ ಉದ್ಯಮಿಗೆ ಒಂದು ಹಂಗಾಮು ಎಂದರೆ ಬ್ಯಾಂಕಿನ ನೋಟೀಸು ಮತ್ತು ಕೂಲಿಕಾರರ ಬಾಕಿ.

ಆ ಮಾಲೀಕರಿಗೆ ನಾನು ಕೊಟ್ಟ ಉತ್ತರವಿಷ್ಟು: ಹಳೆಯ ಯಂತ್ರ ಕೊಂಡದ್ದು ತಪ್ಪಲ್ಲ. ಹೇಜಲ್‌ವುಡ್ ಬಗ್ಗೆ ನೀವು ಕೇಳಿದ ವಯಸ್ಸು, ಹಳೆಯ ಗಾಯ ಮತ್ತು ಬೆಲೆಯ ಪ್ರಶ್ನೆಗಳನ್ನು ಕಂಪ್ರೆಸರ್ ಬಗ್ಗೆ ಕೇಳದಿದ್ದದ್ದು ಮತ್ತು ಬದಲಿಯ ಏರ್ಪಾಡು ಇಲ್ಲದೆ ಹಂಗಾಮಿಗೆ ಇಳಿದದ್ದು ತಪ್ಪು. ಅವರು ಕಳೆದ ನಿಷೇಧದ ಅವಧಿಯಲ್ಲಿ ಯಂತ್ರವನ್ನು ಪೂರ್ತಿ ಬಿಚ್ಚಿಸಿ ಸರಿಪಡಿಸಿದ್ದಾರೆ; ಸಣ್ಣದೊಂದು ಬದಲಿ ಯಂತ್ರವನ್ನೂ ಕೂಡಿಸಿಕೊಂಡಿದ್ದಾರೆ. ಸದಸ್ಯ ಬಾಂಧವರು ಮುಂದಿನ ಖರೀದಿಯ ಮುಂಗಡ ನೀಡುವ ಮೊದಲು, ಯಂತ್ರ ಒಮ್ಮೆ ನಿಂತರೆ ತಮಗಾಗುವ ನಷ್ಟವನ್ನು ಒಂದು ಹಾಳೆಯ ಮೇಲೆ ಬರೆದು ನೋಡಬೇಕೆಂದು ವಿನಂತಿ.