ದೂಳಿನ ಕೆಲಸಕ್ಕೆ ಮಾಸ್ಕ್ ಕೊಡುವ ಮುನ್ನ

ಆದೋನಿ ಸುತ್ತಲಿನ ಕೌತಾಳಂ, ಕೋಸಿಗಿ, ಪೆದ್ದಕಡಬೂರು ಕಡೆಯವರಿಗೆ ಕಲ್ಲಿದ್ದಲು ಗಣಿ ದೂರದ ಮಾತು. ದೂಳಿನ ಕೆಲಸ ಮಾತ್ರ ದೂರವಿಲ್ಲ. ಹತ್ತಿ ಬಂತೆಂದರೆ ಆದೋನಿಯ ಜಿನ್ನಿಂಗ್ ಮಿಲ್ಲುಗಳಿವೆ. ಮಳೆ ಕೈಕೊಟ್ಟ ವರ್ಷ ಸುಗ್ಗಿಗೆಂದು ಊರು ಬಿಟ್ಟು ಗುಂಟೂರಿನ ಮೆಣಸಿನಕಾಯಿ ಹೊಲಕ್ಕೆ ಹೋಗುವವರು ಒಂದು ಗುಂಪಾದರೆ, ಬೆಂಗಳೂರಿನ ಕಟ್ಟಡಗಳಲ್ಲಿ ಟೈಲ್ಸ್, ಗ್ರಾನೈಟ್ ಕೊಯ್ಯಲು ಹೋಗುವವರು ಇನ್ನೊಂದು ಗುಂಪು. ಊರಲ್ಲೇ ಉಳಿದವರಲ್ಲಿ ಕೆಲವರು ಜಲ್ಲಿ ಕ್ರಷರ್ ಸೇರುತ್ತಾರೆ. ಮಿಲ್ಲು, ಕ್ರಷರ್, ಕಟ್ಟಡ, ಈ ಮೂರೂ ಕಡೆ ಕೂಲಿಯವರಿಗೆ ಸರಿಯಾದ ಮಾಸ್ಕ್ ಕೊಡಿಸಿ, ಹಾಕಿಕೊಳ್ಳುವುದನ್ನು ಕಲಿಸುವುದು ನನ್ನ ಕೆಲಸ. "ಕೊಟ್ಟರೂ ಹಾಕೋದಿಲ್ಲ ಸಾರ್, ಈ ಜನ ಅಷ್ಟೇ" ಎಂಬ ಮಾತನ್ನು ಮಾಲೀಕರಿಂದ, ಸೂಪರ್‌ವೈಸರುಗಳಿಂದ ಕೇಳುತ್ತಲೇ ಬಂದಿದ್ದೇನೆ. ನಾನು ಆ ಮಾತನ್ನು ಒಪ್ಪುವುದಿಲ್ಲ. ಮಾಸ್ಕ್ ತೆಗೆದವನಿಗೆ ತೆಗೆಯಲು ಕಾರಣವಿರುತ್ತದೆ. ಆ ಕಾರಣ ಹೆಚ್ಚಾಗಿ ಮಾಸ್ಕಿನಲ್ಲೋ ಕೆಲಸದ ಜಾಗದಲ್ಲೋ ಸಿಗುತ್ತದೆ. ಕೆಳಗಿನ ಪಾಠಗಳೆಲ್ಲ ಆ ಕಾರಣಗಳನ್ನು ಹುಡುಕುತ್ತಾ ಕಲಿತವು.

1. ಯಾವ ದೂಳು ಎಂದು ಮೊದಲು ಕೇಳಬೇಕು

ಹತ್ತಿ ದೂಳೂ ಕಲ್ಲು ದೂಳೂ ಮೂಗಿಗೆ ಒಂದೇ, ಎದೆಗೆ ಬೇರೆ ಬೇರೆ. ಹತ್ತಿಯ ಜೊತೆ ಒಣಗಿದ ಎಲೆ, ಕಾಯಿಯ ಬುಡದ ತೊಟ್ಟೆಲೆ, ಕಡ್ಡಿ ಎಲ್ಲ ಪುಡಿಯಾಗಿ ಬರುತ್ತದೆ. ಆ ಪುಡಿಯಲ್ಲಿ ಬ್ಯಾಕ್ಟೀರಿಯಾಗಳು ಬಿಟ್ಟ ವಿಷ ಇರುತ್ತದೆ, ಎದೆ ಹಿಡಿಸುವುದು ಮುಖ್ಯವಾಗಿ ಅದೇ. ಈ ರೋಗಕ್ಕೆ ಬಿಸಿನೋಸಿಸ್ ಎನ್ನುತ್ತಾರೆ. ಅದರ ಗುರುತು ವಿಚಿತ್ರವಾದದ್ದು: ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನವೇ ಎದೆ ಬಿಗಿಯುತ್ತದೆ, ಕೆಮ್ಮು ಏಳುತ್ತದೆ. ಮರುದಿನದಿಂದ ಸಡಿಲವಾಗುತ್ತದೆ. "ರಜೆಯಲ್ಲಿ ತಣ್ಣೀರು ಸ್ನಾನ ಮಾಡಿದೆ, ಅದಕ್ಕೆ" ಎಂದು ಎಷ್ಟೋ ಜನ ತಾವೇ ಕಾರಣ ಕೊಟ್ಟುಕೊಳ್ಳುತ್ತಾರೆ. ವರ್ಷಗಳು ಉರುಳಿದಂತೆ ಆ ಬಿಗಿತ ವಾರದ ಎಲ್ಲ ದಿನಕ್ಕೂ ಹಬ್ಬುತ್ತದೆ. ನೂಲಿನ ಗಿರಣಿಗಳ ಮೊದಲ ಹಂತಗಳಲ್ಲಿ ಇದು ಜಿನ್ನಿಂಗಿಗಿಂತ ಹೆಚ್ಚು ಎಂಬುದು ನಿಜ. ಹಾಗೆಂದು ಜಿನ್ನಿಂಗಿನವರು ಪಾರಾದರು ಎಂದಲ್ಲ.

ಕಲ್ಲಿನ ದೂಳಿನಲ್ಲಿರುವುದು ಸಿಲಿಕಾ. ಅದರ ಅತಿ ಸಣ್ಣ ಹರಳುಗಳು ಶ್ವಾಸಕೋಶದ ತಳ ಸೇರಿ ಗಾಯದ ಗಂಟು ಕಟ್ಟಿಸುತ್ತವೆ. ಕೆಲಸ ಬಿಟ್ಟರೂ ಆ ಗಂಟು ಕರಗುವುದಿಲ್ಲ, ಎಷ್ಟೋ ಸಲ ಬೆಳೆಯುತ್ತಲೇ ಹೋಗುತ್ತದೆ. ಸಿಲಿಕೋಸಿಸ್‌ಗೆ ಇಂದಿಗೂ ಗುಣಪಡಿಸುವ ಔಷಧ ಇಲ್ಲ. ಎಲ್ಲ ಕಲ್ಲೂ ಒಂದೇ ಅಲ್ಲ ಎನ್ನುವುದನ್ನೂ ಕೂಲಿಗೆ ಹೋಗುವವರು ತಿಳಿದಿರಬೇಕು. ಬೇತಂಚೆರ್ಲ ಕಡೆಯ ನೆಲಹಾಸಿನ ಸುಣ್ಣದ ಕಲ್ಲಿಗಿಂತ ಗ್ರಾನೈಟಿನಲ್ಲಿ ಸಿಲಿಕಾ ಬಹಳ ಹೆಚ್ಚು. ಈಗ ಬೆಂಗಳೂರಿನ ಹೊಸ ಅಡುಗೆಮನೆಗಳಿಗೆ ಕೂರಿಸುವ ಕೃತಕ ಕ್ವಾರ್ಟ್ಜ್ ಸ್ಲ್ಯಾಬಿನಲ್ಲಂತೂ ಅದು ನೂರಕ್ಕೆ ತೊಂಬತ್ತರ ಮೇಲೆ ಇರುವುದುಂಟು. ಅದನ್ನು ಕೊಯ್ದ ಯುವಕರು ಕೆಲವೇ ವರ್ಷಗಳಲ್ಲಿ ಉಸಿರು ಕಳೆದುಕೊಳ್ಳುವುದನ್ನು ಕಂಡ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅಂಥ ಕಲ್ಲನ್ನೇ ನಿಷೇಧಿಸಿತು. ಇಲ್ಲಿ ನಮ್ಮ ಹುಡುಗರು ಅದನ್ನು ಬಾಗಿಲು ಮುಚ್ಚಿದ ಅಡುಗೆಮನೆಯೊಳಗೆ, ಒಣ ಬ್ಲೇಡಿನಲ್ಲಿ ಕೊಯ್ಯುತ್ತಾರೆ. ನನಗೆ ರಾತ್ರಿ ನಿದ್ದೆ ಕೆಡಿಸುವುದು ಇದು.

2. ದೂಳು ಹುಟ್ಟುವಲ್ಲೇ ಹಿಡಿಯದೆ ಮಾಸ್ಕ್ ಹಂಚಬಾರದು

ಕೋಲಾರದ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಮಿಕ್ಕಿ ಸಿಲಿಕೋಸಿಸ್ ಕಂಡಿತ್ತು. ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರದಲ್ಲಿ, ಬೆಣಚು ಎಂದರೆ ಅಚ್ಚ ಸಿಲಿಕಾ. ಗಣಿಗಳು ಅದರಿಂದ ಕಲಿತದ್ದು ಕೊರೆಯುವ ತುದಿಗೆ ನೀರು ಬಿಡುವುದನ್ನು, ಸುರಂಗಕ್ಕೆ ಗಾಳಿ ಹಾಯಿಸುವುದನ್ನು, ಕಲ್ಲು ಸಿಡಿಸಿದ ಮೇಲೆ ದೂಳು ಇಳಿಯುವ ತನಕ ಒಳಗೆ ಹೋಗದಿರುವುದನ್ನು. ಅಮೆರಿಕದಲ್ಲೂ 1969ರ ಕಲ್ಲಿದ್ದಲು ಗಣಿ ಕಾಯ್ದೆ ದೂಳಿಗೆ ಮಿತಿ ಹಾಕಿದ ಮೇಲೆ ಗಣಿಗಾರರ ಶ್ವಾಸಕೋಶ ಕಪ್ಪಾಗುವ ರೋಗ ಇಳಿಯುತ್ತಾ ಬಂದಿತ್ತು. ಆಮೇಲೆ ತೆಳುವಾದ ಪದರಗಳಿಗೆ ಕೈಹಾಕಿ, ಕಲ್ಲಿದ್ದಲಿನ ಜೊತೆ ಸುತ್ತಲಿನ ಬಂಡೆಯನ್ನೂ ಕೊರೆಯತೊಡಗಿದಾಗ ಅಪಲಾಚಿಯಾದ ಗಣಿಗಳಲ್ಲಿ ಅದು ಮತ್ತೆ ಏರಿತು. ಎಲ್ಲ ಬಗೆಯ ಮಾಸ್ಕೂ ಸಿಗುವ ದೇಶದ ಕಥೆ ಇದು.

ಕಟ್ಟಡದಲ್ಲಿ ದೂಳನ್ನು ಹುಟ್ಟುವಲ್ಲೇ ಹಿಡಿಯಲು ದೊಡ್ಡ ಯಂತ್ರ ಬೇಡ. ಬ್ಲೇಡಿಗೆ ನೀರು ತೊಟ್ಟಿಕ್ಕುವ ಪೈಪಿರುವ ಕಟ್ಟರ್ ಸಿಗುತ್ತದೆ. ವಿದ್ಯುತ್ ಕಟ್ಟರ್‌ಗೆ ಸುಮ್ಮನೆ ನೀರು ಸುರಿಯಬಾರದು, ಶಾಕ್ ಹೊಡೆಯುತ್ತದೆ. ನೀರಿಗೆಂದೇ ಮಾಡಿದ ಯಂತ್ರವೇ ಬೇಕು. ಸ್ಲ್ಯಾಬನ್ನು ಬಯಲಿಗೆ ತಂದು, ಗಾಳಿ ಬೆನ್ನ ಹಿಂದಿನಿಂದ ಬೀಸುವಂತೆ ನಿಂತು ಕೊಯ್ದರೂ ಎಷ್ಟೋ ಉಪಕಾರ.

ಜಿನ್ನಿಂಗಿನಲ್ಲಿ ನೀರಿನ ಉಪಾಯ ನಡೆಯುವುದಿಲ್ಲ. ಹತ್ತಿ ನೆಂದರೆ ಅರಳೆ ಕೆಡುತ್ತದೆ, ಬೆಲೆ ಬೀಳುತ್ತದೆ. ಅಲ್ಲಿ ದೂಳನ್ನು ಗಾಳಿಯಿಂದಲೇ ಎಳೆಯಬೇಕು. 2000ದಲ್ಲಿ ಶುರುವಾದ ಕೇಂದ್ರದ ಹತ್ತಿ ತಂತ್ರಜ್ಞಾನ ಮಿಷನ್ನಿನ ನೆರವಿನಲ್ಲಿ ಸುಧಾರಿಸಿದ ಮಿಲ್ಲುಗಳಲ್ಲಿ ಹತ್ತಿ ಕೊಳವೆಯೊಳಗೇ ಸಾಗುತ್ತದೆ, ಕಸ ಸೈಕ್ಲೋನ್ ಎಂಬ ದೂಳು ಬೇರ್ಪಡಿಸುವ ಯಂತ್ರಕ್ಕೆ ಹೋಗುತ್ತದೆ. ಹಳೆಯ ಶೆಡ್ಡುಗಳಲ್ಲಿ ಇನ್ನೂ ಬುಟ್ಟಿ, ತಲೆಹೊರೆ. ಕೊಳವೆ ಇದ್ದ ಕಡೆಯೂ ನಾನು ಮೊದಲು ನೋಡುವುದು ಪೊರಕೆಯನ್ನು. ಪಾಳಿ ಮುಗಿಯುವಾಗ ಒಣ ನೆಲ ಗುಡಿಸಿ, ಯಂತ್ರಕ್ಕೆ ಕಂಪ್ರೆಸರ್ ಗಾಳಿ ಹೊಡೆದರೆ ದಿನವಿಡೀ ಕೂತಿದ್ದ ದೂಳು ಒಂದೇ ಗಳಿಗೆಯಲ್ಲಿ ಎದ್ದು ನಿಲ್ಲುತ್ತದೆ. ಆ ಹೊತ್ತಿಗೆ ಮಾಸ್ಕ್ ಜೇಬು ಸೇರಿರುತ್ತದೆ.

3. ಟವೆಲ್ಲೂ ಸೆರಗೂ ತಡೆಯುವುದು ಕಣ್ಣಿಗೆ ಕಾಣುವ ದೂಳನ್ನು ಮಾತ್ರ

ತಳ ಸೇರುವ ದೂಳಿನ ಕಣ ಐದು ಮೈಕ್ರಾನಿಗಿಂತ ಸಣ್ಣದು; ನಮ್ಮ ಕೂದಲಿನ ದಪ್ಪವೇ ಸುಮಾರು ಎಪ್ಪತ್ತು ಮೈಕ್ರಾನ್. ಬಟ್ಟೆಯ ಎಳೆಗಳ ನಡುವೆ ಅದು ಸಲೀಸಾಗಿ ನುಗ್ಗುತ್ತದೆ. ಆಸ್ಪತ್ರೆಯ ನೀಲಿ ಮಾಸ್ಕೂ ಇದಕ್ಕಲ್ಲ. ಬೇಕಾದದ್ದು ಐಎಸ್ 9473 ಗುರುತಿನ ಎಫ್‌ಎಫ್‌ಪಿ2 ಅಥವಾ ಎನ್95. ಕ್ವಾರ್ಟ್ಜ್, ಗ್ರಾನೈಟ್ ಕೊಯ್ಯುವವರಿಗೆ ಅದಕ್ಕೂ ಮೇಲಿನದು, ಫಿಲ್ಟರ್ ಬದಲಿಸುವ ರಬ್ಬರ್ ಮಾಸ್ಕ್ ಒಳ್ಳೆಯದು.

4. ಮುಖ ಓದಲು ಕಲಿಯಬೇಕು

ಈ ಪಾಠವೇ ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು. ಪಾಳಿ ಮುಗಿದ ಮೇಲೆ ಮಾಸ್ಕ್ ತೆಗೆಸಿ ಮುಖವನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಮಾಸ್ಕ್ ಮುಚ್ಚಿದ್ದ ಜಾಗವೆಲ್ಲ ಒಂದೇ ಸಮನೆ ಶುಭ್ರವಾಗಿದ್ದರೆ ಸರಿ. ಮೂಗಿನ ಪಕ್ಕದಿಂದ ಕೆನ್ನೆಗೆ ಒಂದು ಬೂದು ಗೆರೆ ಇಳಿದಿದ್ದರೆ ಅಲ್ಲಿಂದಲೇ ದಿನವಿಡೀ ಸೋರಿದೆ. ಗದ್ದದ ಕೆಳಗೆ ಅರಳೆಯ ಎಳೆ ಸಿಕ್ಕಿಕೊಂಡಿದ್ದರೆ ಮಾಸ್ಕ್ ದೊಡ್ಡದಾಯಿತು ಎಂದರ್ಥ. ಉಸಿರು ಎಳೆದಾಗ ಗಾಳಿ ಸಂದಿಯಿಂದಲೇ ನುಗ್ಗುತ್ತದೆ, ಸೋಸುವ ಬಟ್ಟೆಯ ಕಷ್ಟದ ದಾರಿಯನ್ನು ಅದೇಕೆ ಹಿಡಿದೀತು?

ಜಿನ್ನಿಂಗಿನಲ್ಲಿ ಹೆಂಗಸರೇ ಬಹಳ. ಹತ್ತಿ ಆಯುವುದು, ಯಂತ್ರಕ್ಕೆ ಉಣಿಸುವುದು ಅವರ ಪಾಲು. ಪೆಟ್ಟಿಗೆಗಟ್ಟಲೆ ಬರುವ ಮಾಸ್ಕ್ ಒಂದೇ ಅಳತೆಯದು, ಗಂಡಸಿನ ಮುಖಕ್ಕೆ ಹೊಂದಿಸಿದ್ದು. ಒಂದು ಮಿಲ್ಲಿನಲ್ಲಿ ಒಬ್ಬ ಅಕ್ಕ ಮಾಸ್ಕಿನ ಮೇಲೆ ಸೆರಗನ್ನೂ ಬಿಗಿದು ಕಟ್ಟಿದ್ದಳು. ಯಾಕಕ್ಕ ಎಂದರೆ, "ಇದು ನಿಲ್ಲೋದಿಲ್ಲಪ್ಪ, ಬಗ್ಗಿದರೆ ಬಾಯಿಗೆ ಬರ್ತದೆ" ಎಂದಳು. ಅವಳಿಗೆ ಸಣ್ಣ ಅಳತೆಯದು, ಕಿವಿಗೆ ಸಿಕ್ಕಿಸುವುದರ ಬದಲು ತಲೆಯ ಹಿಂದೆ ಎರಡು ಪಟ್ಟಿ ಹಾಯುವುದು ತರಿಸಿದೆವು. ಒಂದು ಪಟ್ಟಿ ತುರುಬಿನ ಮೇಲೆ, ಇನ್ನೊಂದು ಕುತ್ತಿಗೆಗೆ. ಆಮೇಲೆ ಮೂಗಿನ ಕ್ಲಿಪ್ಪನ್ನು ಎರಡೂ ಕೈಬೆರಳಿನಿಂದ ಒತ್ತಿ ಕೂರಿಸುವುದು, ಅಂಗೈಯಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಬಿಟ್ಟು ಕಣ್ಣಿನ ಕಡೆಗೆ ಗಾಳಿ ತಾಕುತ್ತದೆಯೇ ಎಂದು ನೋಡುವುದು. ಇಷ್ಟನ್ನು ಅವಳೇ ತನ್ನ ಸಾಲಿನವರಿಗೆಲ್ಲ ಕಲಿಸಿದಳು. ನಾನು ಹೇಳಿದ್ದಕ್ಕಿಂತ ಅವಳು ಹೇಳಿದ್ದು ನಾಟಿತು.

5. ಗಡ್ಡ

ಗಡ್ಡದ ಮೇಲೆ ಇಂಥ ಮಾಸ್ಕ್ ಕೂರುವುದಿಲ್ಲ. ಹರಕೆಯ ಗಡ್ಡವೋ ಧರ್ಮದ ಗಡ್ಡವೋ, ಬೋಳಿಸು ಎನ್ನುವ ಅಧಿಕಾರ ನಮಗಿಲ್ಲ. ಅವರನ್ನು ದೂಳು ಕಡಿಮೆ ಇರುವ ಕೆಲಸಕ್ಕೆ, ತೂಕಕ್ಕೋ ಲೋಡಿಂಗಿಗೋ, ಅದೇ ಕೂಲಿಗೆ ಹಾಕಬೇಕು. ಕೂಲಿ ಇಳಿಸಿದರೆ ಮುಂದಿನ ಬಾರಿ ಯಾರೂ ಬಾಯಿ ಬಿಡುವುದಿಲ್ಲ.

6. ನಮ್ಮ ಸೀಮೆಯ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಬೇಕು

ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಕ್ರಷರ್ ಪಕ್ಕ ಎಂಟು ತಾಸು ಬಿಗಿಯಾದ ಮಾಸ್ಕ್ ಹಾಕಿಕೊಂಡಿರು ಎಂದರೆ ಯಾವ ಮನುಷ್ಯನೂ ಇರಲಾರ. ಬೆವರಿಗೆ ಒದ್ದೆಯಾದ ಮಾಸ್ಕಿನಲ್ಲಿ ಉಸಿರು ಎಳೆಯುವುದೇ ಕಷ್ಟ. ಉಸಿರು ಹೊರಬಿಡುವ ಕವಾಟವಿರುವ ಮಾಸ್ಕ್ ತರಿಸಬೇಕು, ದಿನಕ್ಕೊಂದರ ಬದಲು ಎರಡು ಕೊಡಬೇಕು. ತಾಸು ತಾಸಿಗೆ ದೂಳಿನಿಂದಾಚೆ, ಗಾಳಿ ಬರುವ ನೆರಳಿನಲ್ಲಿ ಕೂತು ಮಾಸ್ಕ್ ತೆಗೆದು ನೀರು ಕುಡಿಯಲು ಬಿಡುವು ಕೊಡಬೇಕು. ಆ ನೆರಳು ಇಲ್ಲದ ಕಡೆ ಜನ ದೂಳಿನ ನಡುವೆಯೇ ಮಾಸ್ಕ್ ಇಳಿಸಿ ನೀರು ಕುಡಿಯುತ್ತಾರೆ, ಬೀಡಿ ಹಚ್ಚುತ್ತಾರೆ. ದೂಳಿನ ಜೊತೆ ಬೀಡಿ ಸೇರಿದರೆ ಎದೆ ಬೇಗ ಕೆಡುತ್ತದೆ.

7. ಮೊಳೆಗೆ ನೇತು ಹಾಕಿದ ಮಾಸ್ಕ್

ಊಟಕ್ಕೆ ಹೋಗುವಾಗ ಶೆಡ್ಡಿನ ಗೋಡೆಯ ಮೊಳೆಗೆ ಮಾಸ್ಕ್ ನೇತು ಹಾಕಿದರೆ ಒಳಬದಿಗೆಲ್ಲ ದೂಳು ಕೂರುತ್ತದೆ, ಬಂದು ಹಾಕಿಕೊಂಡವರು ಅದನ್ನೇ ಎಳೆದುಕೊಳ್ಳುತ್ತಾರೆ. ಹೆಸರು ಬರೆದ ಡಬ್ಬಿಯೋ ಕಾಗದದ ಚೀಲವೋ ಸಾಕು. ಬಿಸಾಡುವ ಮಾಸ್ಕನ್ನು ತೊಳೆಯಬಾರದು, ಕೊಡವಬಾರದು. ಮನೆಗೆ ಹೋಗುವ ಮುಂಚೆ ಬಟ್ಟೆ ಬದಲಿಸುವ ಒಂದು ಮೂಲೆ ಮಾಡಿಕೊಟ್ಟರೆ ದೂಳು ಮಕ್ಕಳ ಹಾಸಿಗೆ ತನಕ ಹೋಗುವುದು ತಪ್ಪುತ್ತದೆ.

8. ಬೆಲ್ಲ

ಸಂಜೆ ಒಂದು ಉಂಡೆ ಬೆಲ್ಲ ತಿಂದರೆ ಎದೆಯ ದೂಳು ಹೋಗುತ್ತದೆ ಎಂಬ ನಂಬಿಕೆ ಎಲ್ಲ ಮಿಲ್ಲಿನಲ್ಲೂ ಇದೆ. ಬೆಲ್ಲ ಹಂಚುವ ಮಾಲೀಕರೂ ಇದ್ದಾರೆ. ಲಖನೌದ ವಿಜ್ಞಾನಿಗಳು ಇಲಿಗಳ ಮೇಲೆ ಇದನ್ನು ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದ್ದರು, ಬೆಲ್ಲ ತಿಂದ ಇಲಿಗಳ ಶ್ವಾಸಕೋಶದಿಂದ ಕಣಗಳು ಸಾಗುವುದು ಹೆಚ್ಚಿತ್ತು. ಇಲಿಯಲ್ಲಿ ಕಂಡದ್ದನ್ನು ನಂಬಿ ಮನುಷ್ಯನ ಮಾಸ್ಕ್ ಇಳಿಸಲಾಗದು. ತಿನ್ನುವವರು ತಿನ್ನಲಿ, ಗಂಟಲಿಗೆ ಹಿತ. ಬೆಲ್ಲ ಕೊಟ್ಟೆವೆಂದು ಎಕ್ಸಾಸ್ಟ್ ಫ್ಯಾನ್ ರಿಪೇರಿ ಮುಂದೂಡುವುದನ್ನು ಮಾತ್ರ ನಾನು ಸಹಿಸಲಾರೆ.

9. ಡಾಕ್ಟರಿಗೆ ಕೆಲಸ ಹೇಳಬೇಕು

ಕೆಮ್ಮು, ತೂಕ ಇಳಿಕೆ, ಎಕ್ಸ್‌ರೇಯಲ್ಲಿ ಮಚ್ಚೆ ಎಂದರೆ ಮೊದಲ ಸಂಶಯ ಕ್ಷಯ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬೇಗ ಅಂಟುತ್ತದೆ ಎಂಬುದೂ ನಿಜ, ಆದ್ದರಿಂದ ಕಫ ಪರೀಕ್ಷೆ ಆಗಲೇಬೇಕು. ಆದರೆ ಕ್ಷಯದ ಮಾತ್ರೆ ಪೂರ್ತಿ ನುಂಗಿದರೂ ಉಸಿರಾಟ ಸರಿಹೋಗದವರು "ನಾನು ಇಷ್ಟು ವರ್ಷ ಕಲ್ಲು ಕೊಯ್ದಿದ್ದೇನೆ" ಎಂದು ಹೇಳಬೇಕು, ಚೀಟಿಯಲ್ಲಿ ಬರೆಸಬೇಕು. ಹತ್ತಿಯವರ ಕಥೆ ಬೇರೆ: ಬಿಸಿನೋಸಿಸ್ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಕೊಳವೆಗೆ ಊದಿಸುವ ಸ್ಪೈರೋಮೆಟ್ರಿ ಬೇಕು, ಅದನ್ನೂ ರಜೆಯ ಮರುದಿನ ಕೆಲಸಕ್ಕೆ ಮುಂಚೆ ಒಮ್ಮೆ, ಪಾಳಿ ಮುಗಿದ ಮೇಲೆ ಒಮ್ಮೆ ಮಾಡಿದರೆ ವ್ಯತ್ಯಾಸ ಸಿಗುತ್ತದೆ. ಸಾಧ್ಯವಾದರೆ ಕೆಲಸಕ್ಕೆ ಸೇರುವಾಗಲೇ ಒಮ್ಮೆ ಊದಿಸಿ ಆ ಕಾಗದ ಇಟ್ಟುಕೊಳ್ಳಬೇಕು.

ಸಿಲಿಕೋಸಿಸ್, ಬಿಸಿನೋಸಿಸ್ ಎರಡೂ 1948ರ ಕಾರ್ಖಾನೆ ಕಾಯ್ದೆ ಪಟ್ಟಿ ಮಾಡಿದ್ದ ರೋಗಗಳು, ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಾದವು. ಇಎಸ್‌ಐ ವಿಮೆ ಇದ್ದವರಿಗೆ ಪರಿಹಾರದ ದಾರಿ ಅಲ್ಲಿದೆ, ಇಲ್ಲದವರಿಗೆ ಅದು 1923ರ ಪರಿಹಾರ ಕಾಯ್ದೆಯಲ್ಲಿ ಇತ್ತು. ಎಲ್ಲಕ್ಕೂ ಕೇಳುವುದು ಒಂದೇ: ಎಲ್ಲಿ, ಎಷ್ಟು ಕಾಲ ಕೆಲಸ ಮಾಡಿದೆ ಎಂಬುದಕ್ಕೆ ಕಾಗದ. ಹಾಜರಿ ಚೀಟಿ, ಗೇಟ್ ಪಾಸ್, ಬ್ಯಾಂಕಿಗೆ ಬಂದ ಕೂಲಿಯ ಲೆಕ್ಕ, ಏನಿದ್ದರೂ ಫೋನಿನಲ್ಲಿ ಫೋಟೋ ತೆಗೆದಿಡಬೇಕು. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು.

10. ಮುಂಗಡ ಮಾತಾಡುವ ದಿನ

ಬೆಂಗಳೂರಿಗೆ ಹೋಗುವ ಗುಂಪಿಗೆ ಮಾತಾಡುವ ಬಲ ಇರುವುದು ಮೇಸ್ತ್ರಿ ಊರಿಗೆ ಬಂದು ಮುಂಗಡ ಕೊಡುವ ದಿನ. ಬಸ್ ಹತ್ತಿದ ಮೇಲೆ ಅದು ಇರುವುದಿಲ್ಲ. ಕೂಲಿ, ಅಡುಗೆ ಸಾಮಾನು, ಇರಲು ಶೆಡ್ಡು, ಇಷ್ಟನ್ನು ಎಲ್ಲರೂ ಕೇಳುತ್ತಾರೆ. ಅದರ ಜೊತೆ ಮೂರು ಮಾತು ಸೇರಿಸಿ ಎನ್ನುತ್ತೇನೆ: ನೀರು ಬಿಡುವ ಕಟ್ಟರ್ ಇದೆಯೇ, ಕ್ವಾರ್ಟ್ಜ್ ಕೊಯ್ಯಬೇಕೇ, ಮಾಸ್ಕ್ ಯಾರ ಖರ್ಚು. ಈಚೆಗೆ ಕೌತಾಳಂ ಬಳಿಯ ಒಂದು ಹಳ್ಳಿಯ ಹುಡುಗರು ಕ್ವಾರ್ಟ್ಜ್ ಒಣ ಕೊಯ್ಯುವುದಿಲ್ಲ ಎಂದು ಮೇಸ್ತ್ರಿಯ ಎದುರು ಪಟ್ಟು ಹಿಡಿದರು. ಅವನು ಮೊದಲು ಬೇರೆ ಗುಂಪು ನೋಡಿಕೊಳ್ಳುತ್ತೇನೆ ಎಂದ, ಎರಡು ದಿನ ಬಿಟ್ಟು ಬಂದು ನೀರಿನ ಕಟ್ಟರ್‌ಗೆ ಒಪ್ಪಿದ.