ತಕ್ಕಡಿ ಮನೆಯಲ್ಲಿ ಬಿಟ್ಟು ಹೋಗಬೇಡಿ

ಆದವಾನಿ ಮಾರ್ಕೆಟ್ ಯಾರ್ಡಿಗೆ ಹತ್ತಿ ತಂದಾಗ ನೀವು ಎಷ್ಟು ಹುಷಾರು! ವ್ಯಾಪಾರಿಗಳು ಎಳೆ ಎಳೆದು ನೋಡುತ್ತಾರೆ, ನೀವು ಅವರ ತೂಕವನ್ನು ಎರಡೆರಡು ಸಲ ನೋಡುತ್ತೀರಿ. ಅಂಥ ಜಾಣರು, ಮನೆಯಲ್ಲಿ ಒಬ್ಬರಿಗೆ ದೊಡ್ಡ ಕಾಯಿಲೆ ಬಂತೆಂದರೆ ಫೋನಿಗೆ ಬಂದ ಒಂದು ವಿಡಿಯೋ ನಂಬಿ ರಾತ್ರೋರಾತ್ರಿ ಕಾರು ಮಾಡಿಕೊಂಡು ಹೊರಡುತ್ತೀರಲ್ಲ, ಆಗ ತಕ್ಕಡಿ ಎಲ್ಲಿಟ್ಟಿರುತ್ತೀರಿ?

ಮೈಕಿನಲ್ಲಿ ಹೇಳಿದ್ದೆಲ್ಲ ವೈದ್ಯವಲ್ಲ. 2020ರ ಮಾರ್ಚಿನಲ್ಲಿ ಆಂಧ್ರದ ಆಗಿನ ಮುಖ್ಯಮಂತ್ರಿ ಜಗನ್ ಅವರು ಕೊರೊನಾಕ್ಕೆ ಪ್ಯಾರಾಸಿಟಮಾಲು, ಬ್ಲೀಚಿಂಗ್ ಪೌಡರು ಸಾಕು ಎನ್ನುವ ಹಾಗೆ ಮಾತಾಡಿದರು. ಏಪ್ರಿಲ್ ಕೊನೆಗೆ ಇಡೀ ಆಂಧ್ರದಲ್ಲಿ ಹೆಚ್ಚು ಪ್ರಕರಣ ನಮ್ಮ ಕರ್ನೂಲು ಜಿಲ್ಲೆಯಲ್ಲೇ. ಹೀಗೆ ಮಾತಾಡಿದ್ದು ಅವರ ಪಕ್ಷದವರು ಮಾತ್ರ ಅಂದುಕೊಳ್ಳಬೇಡಿ. ಅದೇ ವರ್ಷ ಜುಲೈನಲ್ಲಿ ಕೇಂದ್ರದ ಮಂತ್ರಿ ಅರ್ಜುನ್ ರಾಮ್ ಮೇಘವಾಲ್ ಒಂದು ಹಪ್ಪಳದ ಪೊಟ್ಟಣ ಎತ್ತಿ ಹಿಡಿದು, ಇದು ಕೊರೊನಾ ಎದುರಿಸಲು ನೆರವಾಗುತ್ತದೆ ಎಂದರು. ಆಗಸ್ಟಿನಲ್ಲಿ ಅವರಿಗೇ ಕೊರೊನಾ ಬಂತು. ನನಗೂ ಹಪ್ಪಳ ಇಷ್ಟ, ಆದರೆ ಅನ್ನದ ಜೊತೆಗೆ. 2021ರ ಫೆಬ್ರವರಿಯಲ್ಲಿ ಕೊರೊನಿಲ್ ಎಂಬ ಆಯುರ್ವೇದ ಔಷಧಿಯ ಬಿಡುಗಡೆಗೆ ಕೇಂದ್ರದ ಆರೋಗ್ಯ ಮಂತ್ರಿಗಳೇ ಬಂದು ಕೂತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯವರು, ಕೊರೊನಾಕ್ಕೆಂದು ಯಾವ ಸಾಂಪ್ರದಾಯಿಕ ಔಷಧಿಗೂ ನಾವು ಪ್ರಮಾಣಪತ್ರ ಕೊಟ್ಟಿಲ್ಲ ಎಂದು ಹೇಳಬೇಕಾಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಆಮೇಲೆ ನೆಲ್ಲೂರಿನ ಕೃಷ್ಣಪಟ್ಟಣದ ಆನಂದಯ್ಯನವರು ಕೊರೊನಾಕ್ಕೆಂದು ಕೊಡುತ್ತಿದ್ದ ಗಿಡಮೂಲಿಕೆ ಔಷಧಿ. 2021ರ ಮೇ ತಿಂಗಳಲ್ಲಿ ಅಲ್ಲಿ ಸಾವಿರಾರು ಜನ ಒಬ್ಬರ ಮೇಲೊಬ್ಬರು ಬಿದ್ದರು. ಕೊರೊನಾ ಇದ್ದವರು, ಇಲ್ಲದವರು ಎಲ್ಲ ಒಂದೇ ಸಾಲಿನಲ್ಲಿ! ವಾಸಿಯಾಯಿತು ಎಂದು ವಿಡಿಯೋದಲ್ಲಿ ಹೇಳಿದವರೊಬ್ಬರು ಕೆಲವೇ ದಿನಗಳಲ್ಲಿ ತೀರಿಕೊಂಡರು. ಮೇ 31ರಂದು ಸರ್ಕಾರ ಅವರ ಔಷಧಿಗಳಲ್ಲಿ ಕಣ್ಣಿಗೆ ಹಾಕುವ ಹನಿಯನ್ನು ಬಿಟ್ಟು ಉಳಿದ ಕೆಲವಕ್ಕೆ ಅನುಮತಿ ಕೊಟ್ಟಿತು. ಆದರೆ ಇದರಿಂದ ಕೊರೊನಾ ವಾಸಿಯಾಗುತ್ತದೆ ಎನ್ನಲು ಆಧಾರವಿಲ್ಲ, ಡಾಕ್ಟರು ಬರೆದ ಔಷಧಿ ನಿಲ್ಲಿಸಬೇಡಿ ಎಂದೂ ಹೇಳಿತು. ಜನರ ಕಿವಿಗೆ ಬಿದ್ದದ್ದು ಮೊದಲ ಅರ್ಧ ಮಾತ್ರ. ಪೂರ್ತಿ ಕೇಳಿಸಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ.

ಹಾಗಂತ ಹೊಸ ಔಷಧಿಯೇ ಬೇಡ ಎಂದು ನಾನು ಹೇಳುವುದಿಲ್ಲ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ, ಆ ಸಂಕಟ ನನಗೆ ಗೊತ್ತು. ಅದಕ್ಕೆ ದಾರಿ ಇದೆ. 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಪ್ರಾಣಕ್ಕೆ ಕುತ್ತಾದ ರೋಗಕ್ಕೆ ಹೊರದೇಶದಲ್ಲಿ ಒಪ್ಪಿಗೆಯಾಗಿ ನಮ್ಮಲ್ಲಿ ಇನ್ನೂ ಆಗದ ಔಷಧಿಯನ್ನು ಸರ್ಕಾರಿ ಆಸ್ಪತ್ರೆ ಅನುಮತಿ ಪಡೆದು ತರಿಸಬಹುದು. ಅರ್ಜಿ ದೆಹಲಿಯ ಔಷಧ ನಿಯಂತ್ರಕರಿಗೆ ಹೋಗುತ್ತದೆ. ಕೇಳಬೇಕಾದ್ದು ನಿಮ್ಮ ಡಾಕ್ಟರನ್ನು. "ನಾನು ತರಿಸಿಕೊಡುತ್ತೇನೆ, ಅಡ್ವಾನ್ಸ್ ಕೊಡಿ" ಎನ್ನುವವನಿಗೆ ಒಂದು ರೂಪಾಯಿ ಕೊಡಬೇಡಿ. ಕೊರೊನಾ ಕಾಲದ ರೆಮ್‌ಡೆಸಿವಿರ್ ಇಂಜೆಕ್ಷನ್ನಿನ ಕಾಳಸಂತೆಯನ್ನು ಇಷ್ಟು ಬೇಗ ಮರೆತಿರಾ?

ಹೊಸ ಔಷಧಿಯ ಟ್ರಯಲ್‌ಗೆ ಸೇರಿ ಎಂದು ಯಾರಾದರೂ ಹೇಳಿದರೆ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ಇದು ನನಗೆ ಚಿಕಿತ್ಸೆಯೋ, ಔಷಧಿಗೆ ಪರೀಕ್ಷೆಯೋ? ಕೆಲವು ಟ್ರಯಲ್‌ಗಳಲ್ಲಿ ಅರ್ಧ ಜನಕ್ಕೆ ಔಷಧಿಯಿಲ್ಲದ ಬರೀ ಗುಳಿಗೆ ಸಿಗುತ್ತದೆ, ಅದೂ ಗೊತ್ತಿರಲಿ. ಟ್ರಯಲ್‌ನಿಂದ ತೊಂದರೆಯಾದರೆ ಆರೈಕೆ ಉಚಿತವಾಗಿ ಸಿಗಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಹೊರಗೆ ಬರಬಹುದು, ಯಾರೂ ಗದರಿಸುವಂತಿಲ್ಲ. ಸಹಿ ಮಾತ್ರ ನಿಮ್ಮದೇ ಆಗಿರಲಿ. 2009ರಲ್ಲಿ ಖಮ್ಮಂನಲ್ಲಿ ಹಾಸ್ಟೆಲ್ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರಿನ ಲಸಿಕೆ ಹಾಕಿದಾಗ ಎಷ್ಟೋ ಕಾಗದಗಳಿಗೆ ಸಹಿ ಹಾಕಿದ್ದು ತಂದೆತಾಯಿಯಲ್ಲ, ವಾರ್ಡನ್ನರು. ಆಮೇಲೆ ಲಸಿಕೆ ಪಡೆದ ಕೆಲವು ಮಕ್ಕಳು ತೀರಿಕೊಂಡರು. ಆ ಸಾವು ಲಸಿಕೆಯಿಂದ ಆದದ್ದಲ್ಲ ಎಂದು ತನಿಖೆ ಮಾಡಿದವರು ಹೇಳಿದರು, ಆದರೂ 2010ರಲ್ಲಿ ಆ ಕೆಲಸ ನಿಂತಿತು, ವಿಷಯ ಸಂಸತ್ತಿನವರೆಗೂ ಹೋಯಿತು.

ನಮ್ಮ ಕಡೆಯವರಿಗೆ ಇನ್ನೊಂದು ಪೇಚು. 1953ರ ತನಕ ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲ್ಲೂಕು ನಮ್ಮ ಆದವಾನಿ. ಕೋಸಿಗಿ, ಕೌತಾಳಂ, ಹೊಳಗುಂದದ ಮನೆಗಳಲ್ಲಿ ಮಾತು ಕನ್ನಡ, ಆಸ್ಪತ್ರೆಯ ಕಾಗದ ಮಾತ್ರ ತೆಲುಗಿನದೋ ಇಂಗ್ಲಿಷಿನದೋ. ನೀವು ನಾಚಿಕೊಂಡು ಹೆಬ್ಬೆಟ್ಟು ಒತ್ತಿ ಬರುತ್ತೀರಿ! ನಿಮಗೆ ತಿಳಿಯುವ ಭಾಷೆಯಲ್ಲಿ ಹೇಳಲೇಬೇಕು ಎಂದು ನಿಯಮವೇ ಇದೆ. ಕನ್ನಡದಲ್ಲಿ ಕೇಳಿ. ಇಲ್ಲವೆಂದರೆ ಕಾಗದ ಮನೆಗೆ ತನ್ನಿ, ಓದು ಬಲ್ಲ ಹುಡುಗ ಹುಡುಗಿಯರು ಓದಿ ಹೇಳಲಿ, ಒಂದು ರಾತ್ರಿ ಮಲಗಿ ಎದ್ದು ಆಮೇಲೆ ತೀರ್ಮಾನಿಸಿ.

ಆಸ್ಪತ್ರೆಯ ಭರವಸೆಗೂ ಇದೇ ತಕ್ಕಡಿ. ಆನಂದಯ್ಯನವರಿಗೆ ಅನುಮತಿ ಸಿಕ್ಕ ಅದೇ ಮೇ 31ರಂದು ಆದವಾನಿಯ ಮೆಡಿಕಲ್ ಕಾಲೇಜಿಗೂ ಶಂಕುಸ್ಥಾಪನೆಯಾಯಿತು. 2023ರ ಸೆಪ್ಟೆಂಬರಿನಲ್ಲಿ ಐದು ಕಾಲೇಜು ತೆರೆದವು, ಪಕ್ಕದ ನಂದ್ಯಾಲದ್ದೂ ಅದರಲ್ಲಿತ್ತು. ನಮ್ಮದಿರಲಿಲ್ಲ. ಓಟು ಕೇಳಲು ಬಂದವರಿಗೆ ನೀರು ಕೊಡಿ, ಕೂರಿಸಿ, ಆಮೇಲೆ ಕೇಳಿ: ಎಷ್ಟು ಹಾಸಿಗೆ, ಯಾವ ಡಾಕ್ಟರು, ಯಾವ ತಾರೀಕಿನಿಂದ?

ಅಲ್ಲಿಯವರೆಗೆ ಬಳ್ಳಾರಿಗೋ ಕರ್ನೂಲಿಗೋ ಓಡಾಟ ತಪ್ಪಿದ್ದಲ್ಲ. ಹೊರಡುವಾಗ ಹಳೇ ಚೀಟಿ, ಎಕ್ಸ್‌ರೇ, ನುಂಗುತ್ತಿರುವ ಗುಳಿಗೆಯ ಪಟ್ಟಿ, ಆಧಾರ್ ಎಲ್ಲ ಒಂದೇ ಚೀಲದಲ್ಲಿ ಹಾಕಿಕೊಳ್ಳಿ. ಚೀಲವನ್ನು ಬಸ್ಸಿನ ಮೇಲಿನ ಹಲಗೆಗೆ ಇಡಬೇಡಿ, ತೊಡೆಯ ಮೇಲೇ ಇರಲಿ.